ಎರಡನೆಯ ನೀರು

ಎರಡು ವರ್ಷ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಕೈಕಾಲು ನೆಟ್ಟಗಿದ್ದವು, ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಮನೆಯಲ್ಲಿ ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲರಿಗೂ ನಾನೇ ರೊಟ್ಟಿ ಬಡಿಯುತ್ತಿದ್ದೆ. ಆದರೆ ಭಾನುವಾರದ ಆರಾಧನೆ ಮುಗಿದು, ಚಹಾ ಕುಡಿಯಲು ಚರ್ಚಿನ ಪಕ್ಕದ ಸಭಾಭವನಕ್ಕೆ ಕಾಲಿಟ್ಟ ಕೂಡಲೇ ರೋಗಿಯಾಗುತ್ತಿದ್ದೆ. ಅಲ್ಲಿನ ಅಡುಗೆಮನೆಯ ಬಾಗಿಲಲ್ಲಿ ಸೆರಗು ಸಿಕ್ಕಿಸಿ ನಿಂತರೆ ಸಾಕು, ಒಳಗಿನಿಂದ ಒಬ್ಬ ಮುದುಕಿ ಬಂದು, ನನ್ನ ಮೊಳಕೈ ಹಿಡಿದು, ದನ ತಿರುಗಿಸಿದ ಹಾಗೆ ತಿರುಗಿಸಿ ಕುರ್ಚಿಗೆ ತಂದು ಬಿಡುತ್ತಿದ್ದಳು.

“ಸಿಟ್ ಡೌನ್, ಡಿಯರ್.”

ಕೈಗೆ ಒಂದು ಕಪ್ಪು, ಬಸಿಯಲ್ಲಿ ಎರಡು ಬಿಸ್ಕೀಟು. ಆಕೆ ನನಗಿಂತ ಹತ್ತು ವರ್ಷ ದೊಡ್ಡವಳು. ನಿಂತವಳು ಆಕೆ, ಕೂತವಳು ನಾನು.

ನಮ್ಮದು ಗದಗ-ಬೆಟಗೇರಿ, ಮಗಳ ಹಿಂದೆ ಈ ಪರದೇಶಕ್ಕೆ ಬಂದವಳು ನಾನು. ಅಲ್ಲಿನ ಸಭೆಯಲ್ಲಿ ಸುಗ್ಗಿ ಹಬ್ಬ ಬಂದರೆ ಅನ್ನದ ಹಂಡೆಯ ಮುಂದೆ ನಾನು, ಸಾರಿನ ಹಂಡೆಯ ಮುಂದೆ ನನ್ನ ನಾದಿನಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬೈಬಲ್ಲನ್ನು ಬೆರಳಿಟ್ಟು ಓದುತ್ತೇನೆ. ದೇವರ ಕೆಲಸ ಅಂತ ನನಗೆ ಬರುವುದು ಒಂದೇ, ಜನರಿಗೆ ಉಣ್ಣಲು ಇಟ್ಟು ಪಾತ್ರೆ ತೊಳೆಯುವುದು. ಅದನ್ನೂ ಕಸಿದುಕೊಂಡರೆ ನಾನು ಚರ್ಚಿಗೆ ಹೋಗುವುದಾದರೂ ಯಾಕೆ? ಉಪದೇಶವಂತೂ ಇಂಗ್ಲಿಷಿನಲ್ಲಿ ತಲೆಯ ಮೇಲೆ ಹಾದುಹೋಗುತ್ತದೆ.

“ನಿನಗ ಮರ್ಯಾದಿ ಕೊಡಾಕತ್ತಾರ ಬೇ,” ಎಂದಳು ಮಗಳು. ಹ್ಯಾಮಿಲ್ಟನ್ನಿನ ಆಸ್ಪತ್ರೆಯಲ್ಲಿ ನರ್ಸ್ ಅವಳು, ದಿನವೆಲ್ಲ ಮುದುಕರನ್ನು ಹಾಸಿಗೆಯಲ್ಲಿ ಮಲಗಿಸಿ ರೂಢಿ.

“ಮರ್ಯಾದಿ ಬೀಗರಿಗೆ ಕೊಡ್ತಾರ. ನಾ ಏನು ಇವರ ಬೀಗತಿ ಏನು?”

ಚರ್ಚು ಊರಾಚೆ. ಕಾರಿನಲ್ಲಿ ಹೋಗಬೇಕು, ರಸ್ತೆಯ ಎರಡೂ ಕಡೆ ಬರೀ ಹುಲ್ಲು, ಹುಲ್ಲಿನಲ್ಲಿ ಬರೀ ಆಕಳು. ಬಿಳಿ ಬಣ್ಣ ಬಳಿದ ಮರದ ಚಿಕ್ಕ ಕಟ್ಟಡ. ಸಭಾಭವನದ ಹಿಂದೆ ಹಸಿರು ಬಣ್ಣದ ದುಂಡನೆಯ ದೊಡ್ಡ ಟಾಕಿ ನಿಂತಿತ್ತು. ಸುತ್ತ ಅಷ್ಟು ಆಕಳಿರುವಾಗ ಅದರಲ್ಲಿ ಇರುವುದು ಹಾಲೇ ಎಂದು ನಾನು ತಿಳಿದಿದ್ದೆ. ಯಾರೂ ಅಲ್ಲ ಎನ್ನಲಿಲ್ಲ, ಏಕೆಂದರೆ ನಾನು ಯಾರನ್ನೂ ಕೇಳಲಿಲ್ಲ.

ನಮ್ಮ ಕಡೆ ಪಾದ್ರಿಗಳಿಗೆ ಅಯ್ಯನವರು ಎನ್ನುತ್ತೇವೆ, ಅವರ ಹೆಂಡತಿಗೆ ಅಮ್ಮನವರು. ಇಲ್ಲಿ ಅಮ್ಮನವರೇ ಪಾದ್ರಿ. ಅವರ ಗಂಡ ಚರ್ಚಿನ ಹುಲ್ಲು ಕತ್ತರಿಸುತ್ತಾನೆ. ಅವನನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಂಡಾಗ ಕೈ ಮುಗಿಯುತ್ತೇನೆ, ಅವನೂ ಮಶೀನು ನಿಲ್ಲಿಸಿ ಕೈ ಮುಗಿಯುತ್ತಾನೆ.

ಕುರ್ಚಿಯಲ್ಲಿ ಕೂತು ಕೂತು ನಾನು ಅಡುಗೆಮನೆಯ ಕಿಟಕಿ ನೋಡಲು ಕಲಿತೆ. ಕಪ್ಪು-ಬಸಿ ಕೊಡುವುದಕ್ಕೆಂದು ಗೋಡೆಯಲ್ಲಿ ಮಾಡಿದ ದೊಡ್ಡ ಕಿಟಕಿ ಅದು. ಅದರೊಳಗೆ ಯಜಮಾನ್ತಿ ಕಾಣುತ್ತಿದ್ದಳು. ಆ ಮುದುಕಿಗೆ ನಾನು ಇಟ್ಟ ಹೆಸರು ಅದು. ಅವಳ ಅಡುಗೆಮನೆಯಲ್ಲಿ ಅಮ್ಮನವರು ಕೂಡ ಕೇಳಿ ಚಮಚ ತೆಗೆದುಕೊಳ್ಳುತ್ತಾರೆ.

ಒಂದು ಭಾನುವಾರ ಆಕೆ ಪಾತ್ರೆ ತೊಳೆಯುವುದನ್ನು ಸರಿಯಾಗಿ ನೋಡಿದೆ. ಸಿಂಕಿನ ತುಂಬ ಬಿಸಿನೀರು, ಅದರ ಮೇಲೆ ಗೇಣುದ್ದ ನೊರೆ. ಕಪ್ಪು ಮುಳುಗಿಸಿದಳು, ಬ್ರಶ್ಶು ಆಡಿಸಿದಳು, ಎತ್ತಿದಳು. ನೊರೆ ಇಳಿಯುತ್ತಿದ್ದ ಕಪ್ಪನ್ನು ಪಕ್ಕದವಳಿಗೆ ಕೊಟ್ಟಳು. ಪಕ್ಕದವಳು ಅದನ್ನು ಬಟ್ಟೆಯಿಂದ ಒರೆಸಿ ಕಪಾಟಿನಲ್ಲಿಟ್ಟಳು.

ನಾನು ಕಾದೆ. ಮತ್ತೊಂದು ಕಪ್ಪು, ಅದೂ ಹಾಗೇ. ಗಲಬರಿಸುವುದು ಎಂಬುದೇ ಇಲ್ಲ! ನಮ್ಮಲ್ಲಿ ಸಾಬೂನಿನ ಮೇಲೆ ಎರಡನೆಯ ನೀರು ಬೀಳುವ ತನಕ ಪಾತ್ರೆ ತೊಳೆದ ಲೆಕ್ಕವೇ ಅಲ್ಲ. ನನ್ನ ಕೈಯಲ್ಲಿದ್ದ ಚಹಾವನ್ನು ನೋಡಿದೆ. ಅಂಚಿನಲ್ಲಿ ಎರಡು ಗುಳ್ಳೆ ಇದ್ದವು.

ಕಾರಿನಲ್ಲಿ ಮಗಳಿಗೆ ಹೇಳಿದೆ. ಅವಳು ನಕ್ಕಳು.

“ಇಲ್ಲಿ ಭಾಳ ಮಂದಿ ಹಂಗಽ ತೊಳಿತಾರ ಬೇ. ಯಾರೂ ಸತ್ತಿಲ್ಲ.”

“ಸತ್ತವರು ಎದ್ದು ಬಂದು ಹೇಳ್ತಾರೇನು?”

“ಮತ್ತ ನೀ ಎರಡು ವರ್ಷದಿಂದ ಕುಡಿದೀಯಲ್ಲ?”

“ಅದಕ್ಕಽ ಹೊಟ್ಟಿ ಗುಳುಗುಳು ಅಂತಿತ್ತು. ನಾ ನಿನ್ನ ಗಂಡ ಮಾಡಿದ ಪಾಸ್ತಾದ ಮ್ಯಾಲ ಹಾಕಿದ್ದೆ.”

ಮುಂದಿನ ವಾರದಿಂದ ಚೀಲದಲ್ಲಿ ನನ್ನದೇ ಸ್ಟೀಲಿನ ಲೋಟ ಒಯ್ದೆ. ಯಜಮಾನ್ತಿ ಲೋಟ ನೋಡಿದಳು, ನನ್ನನ್ನು ನೋಡಿದಳು, ಮಗಳನ್ನು ಏನೋ ಕೇಳಿದಳು. ಮಗಳು ಮುಖ ಕೆಂಪಗೆ ಮಾಡಿಕೊಂಡು, ಅವ್ವನ ಕೈಗೆ ಕಪ್ಪಿನ ಹಿಡಿಕೆ ಹಿಡಿಯಲು ಬರುವುದಿಲ್ಲ, ಸಂಧಿವಾತ ಎಂದು ಸುಳ್ಳು ಹೇಳಿದಳು. ಆಗಿನಿಂದ ಯಜಮಾನ್ತಿ ನನ್ನ ಬಿಸ್ಕೀಟನ್ನೂ ಮುರಿದು ಕೊಡತೊಡಗಿದಳು. ಕೂತವಳಾದದ್ದು ಸಾಲದೆಂದು ಕೈಯಿಲ್ಲದವಳೂ ಆದೆ.

ಅಷ್ಟರಲ್ಲಿ ಒರೆಸುವ ಹೆಂಗಸು ಮಗನ ಮನೆಗೆಂದು ಬೇರೆ ಊರಿಗೆ ಹೋದಳು. ಅಡುಗೆಮನೆಗೆ ಒಬ್ಬರು ಬೇಕು ಎಂದು ಅಮ್ಮನವರು ಆರಾಧನೆಯ ಕೊನೆಯಲ್ಲಿ ಹೇಳಿದರು. ಅಷ್ಟು ಇಂಗ್ಲಿಷು ನನಗೆ ತಿಳಿಯುತ್ತದೆ. ಕೈ ಎತ್ತಿದೆ. ಮಗಳು ಆ ಕೈಯನ್ನು ಕೆಳಗೆ ಎಳೆದಳು. ಇನ್ನೊಂದು ಕೈ ಎತ್ತಿದೆ. ಸಂಧಿವಾತದ ಎರಡೂ ಕೈಗಳನ್ನು ಇಡೀ ಸಭೆ ನೋಡಿತು. ಅಮ್ಮನವರು ನಗುತ್ತ ತಲೆಯಾಡಿಸಿದರು. ಯಜಮಾನ್ತಿ ನಗಲಿಲ್ಲ.

ಒಳಗೆ ಹೋದೆ. ನನಗೆ ಕೊಟ್ಟದ್ದು ಒರೆಸುವ ಬಟ್ಟೆ. ಯಜಮಾನ್ತಿ ನೊರೆಯ ಕಪ್ಪು ಕೊಟ್ಟಳು. ನಾನು ನಲ್ಲಿ ತಿರುವಿ ಕಪ್ಪನ್ನು ಹಿಡಿದೆ. ಆಕೆ ನಲ್ಲಿ ನಿಲ್ಲಿಸಿದಳು. ಎರಡನೆಯ ಕಪ್ಪು, ನಾನು ತಿರುವಿದೆ, ಆಕೆ ನಿಲ್ಲಿಸಿದಳು. ಬರೀ ನಲ್ಲಿಯ ಕಿರ್ ಕಿರ್. ಕೊನೆಗೆ ಆಕೆ ಒದ್ದೆ ಬೆರಳನ್ನು ಮೇಲಕ್ಕೆ ತೋರಿಸಿ ಗಂಭೀರವಾಗಿ ಏನೋ ಹೇಳಿದಳು. ದೇವರು ಮೇಲಿನಿಂದ ನೋಡುತ್ತಿದ್ದಾನೆ ಎಂದು ಹೆದರಿಸುತ್ತಿದ್ದಾಳೆ ಅಂತ ತಿಳಿದುಕೊಂಡೆ. ನೋಡಲಿ, ಅವನಿಗೂ ಯಾರು ಸರಿ ಎಂದು ಗೊತ್ತಾಗಲಿ ಎಂದು ಆಕೆ ತಿರುಗಿದಾಗಲೆಲ್ಲ ನಲ್ಲಿ ತಿರುವಿದೆ.

ಬೇಸಿಗೆ ಬಂತು. ಇಲ್ಲಿಯ ಬೇಸಿಗೆ ಎಂದರೆ ಕ್ರಿಸ್‌ಮಸ್ಸಿನ ನಂತರದ ದಿನಗಳು. ಆ ವರ್ಷ ಮಳೆ ಬಹಳ ದಿನ ಮುಖ ತೋರಿಸಲಿಲ್ಲ, ಹುಲ್ಲು ನಮ್ಮೂರಿನ ಹುಲ್ಲಿನ ಬಣ್ಣಕ್ಕೆ ಬಂತು. ನನಗೆ ತವರಿಗೆ ಬಂದ ಹಾಗಾಯಿತು, ಬೇರೇನೂ ಹೊಳೆಯಲಿಲ್ಲ. ಆಗಲೇ ಒಂದು ಶನಿವಾರ ಚರ್ಚಿನ ಸಂತೆ ಇಟ್ಟರು. ಅಂಗಳದ ತುಂಬ ಮೇಜು, ಮೇಜಿನ ತುಂಬ ಕೇಕು, ಜಾಮು, ಹಳೆಯ ಪುಸ್ತಕ, ಯಾರೋ ಹೆಣೆದು ಯಾರಿಗೂ ಬೇಡವಾದ ಟೋಪಿಗಳು. ಯಜಮಾನ್ತಿ ಜಾಮಿನ ಮೇಜಿಗೆ ಕೂತಳು, ಏಕೆಂದರೆ ಜಾಮನ್ನು ಬೇರೆ ಯಾರ ಕೈಗೂ ಬಿಡುವವಳಲ್ಲ. ಅಡುಗೆಮನೆಯಲ್ಲಿ ಉಳಿದವಳು ನಾನು ಒಬ್ಬಳೇ.

ಏನು ಹೇಳಲಿ! ಬೆಟಗೇರಿಯಲ್ಲಿ ನಳ ಬರುವ ದಿನಕ್ಕೆ ಕಾದು, ಕೊಡ ಸಾಲಿಗಿಟ್ಟು, ಪಕ್ಕದ ಮನೆಯವಳ ಜಡೆ ಹಿಡಿದು ನೀರು ತುಂಬಿದವಳು ನಾನು. ಇಲ್ಲಿ ನಲ್ಲಿ ತಿರುವಿದರೆ ನೀರು, ಕೇಳುವವರಿಲ್ಲ. ಬಂದ ಕಪ್ಪುಗಳನ್ನೆಲ್ಲ ಗಲಬರಿಸಿದೆ. ಮುಗಿದ ಮೇಲೆ ಕಪಾಟು ತೆರೆದು, ಎಷ್ಟೋ ವರ್ಷದ ಸಾಬೂನು ಹೊತ್ತು ಕೂತಿದ್ದ ಕಪ್ಪು, ಬಸಿ, ತಟ್ಟೆ, ಚಹಾ ಬಸಿಯುವ ಎರಡು ದೊಡ್ಡ ಕಿಟ್ಲಿ ಎಲ್ಲ ಹೊರಗೆ ತೆಗೆದೆ. ನಲ್ಲಿ ನಿಲ್ಲಿಸದೆ ಒಂದೊಂದನ್ನೇ ಹಿಡಿದೆ. ಕೀರ್ತನೆ ಹಾಡುತ್ತ ಹಿಡಿದೆ. ಈ ದೇಶಕ್ಕೆ ಬಂದ ಮೇಲೆ ಅಷ್ಟು ಸಂತೋಷದ ಮಧ್ಯಾಹ್ನ ನನಗೆ ನೆನಪಿಲ್ಲ.

ಮರುದಿನ ಭಾನುವಾರ, ಒಂದು ಕೂಸಿಗೆ ದೀಕ್ಷಾಸ್ನಾನ. ಪಕ್ಕದ ಹಾಲಿನ ಫಾರ್ಮಿನವರ ಮೊಮ್ಮಗಳು. ಬಳಗವೆಲ್ಲ ಬಂದಿತ್ತು, ಕೂಸು ಮೊಳಕಾಲಿಗಿಂತ ಉದ್ದದ ಬಿಳಿ ಅಂಗಿ ತೊಟ್ಟಿತ್ತು. ಅಮ್ಮನವರು ಹೂಜಿ ತುಂಬಲು ಒಳಕೋಣೆಗೆ ಹೋದರು. ನಲ್ಲಿ ಉಸ್ ಅಂದಿತು. ಸಭಾಭವನಕ್ಕೆ ಓಡಿದರು. ಅಲ್ಲಿಯೂ ಉಸ್. ಅವರ ಗಂಡ ಹಿಂದೆ ಹೋಗಿ ಆ ಹಸಿರು ಟಾಕಿಯನ್ನು ಬಡಿದ. ಢಣ್ ಎಂದು ಖಾಲಿ ಹಂಡೆಯ ಸದ್ದು ಆರಾಧನೆಗೆ ಕೂತ ನಮಗೆಲ್ಲ ಕೇಳಿತು.

“ಹಾಲು ತುಗೊಂಡು ಹೋಗ್ಯಾರೇನು?” ಎಂದೆ ಮಗಳಿಗೆ.

“ಯಾವ ಹಾಲು?”

“ಆ ಟಾಕ್ಯಾಗಿಂದು.”

ಮಗಳು ನನ್ನ ಮುಖ ನೋಡಿದಳು. “ಯವ್ವಾ, ಅದು ಮಳಿ ನೀರಿನ ಟಾಕಿ. ಮಾಳಗಿ ಮ್ಯಾಲ ಬಿದ್ದ ಮಳಿ ಅದರಾಗ ಇಳೀತೈತಿ. ಇಲ್ಲಿ ಊರಿನ ನೀರು ಬರಂಗಿಲ್ಲ, ಇರೋದಽ ಅಷ್ಟು. ನೀ ನಿನ್ನೆ ಏನ್ ಮಾಡೀದಿ?”

ಯಜಮಾನ್ತಿ ಮೇಲಕ್ಕೆ ತೋರಿಸಿದ್ದು ದೇವರನ್ನಲ್ಲ, ಮಾಳಿಗೆಯನ್ನು. ಆಗ ಮೂರು ಸಾಲು ಮುಂದೆ ಕೂತಿದ್ದ ಆಕೆ ನಿಧಾನವಾಗಿ ತಿರುಗಿ ನನ್ನನ್ನೇ ನೋಡಿದಳು. ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

“ಬರಗಾಲದ ಊರಾಕಿ ಬಂದು ಇವರ ನೀರು ಖಾಲಿ ಮಾಡಿದಿ ನೋಡು,” ಎಂದಳು ಮಗಳು.

ನನಗೆ ಕೂಸಿನ ಚಿಂತೆ ಅಷ್ಟಾಗಲಿಲ್ಲ, ಸುಳ್ಳೇಕೆ ಹೇಳಲಿ. ಕಣ್ಣ ಮುಂದೆ ಬಂದದ್ದು ಕುರ್ಚಿ. ಮುಗಿಯಿತು, ಸಾಯುವ ತನಕ ಇನ್ನು ಅದರಲ್ಲೇ ಕೂತು ಮುರಿದ ಬಿಸ್ಕೀಟು ತಿನ್ನಬೇಕು.

ಕೂಸಿನ ಅಜ್ಜ ಎದ್ದು, ತನ್ನ ಆಕಳು ನೀರು ಕುಡಿಯುವ ತೊಟ್ಟಿಯಲ್ಲಿ ಬೇಕಾದಷ್ಟು ನೀರಿದೆ, ಒಂದು ಬಕೆಟ್ ತರಲೇ ಎಂದ. ಅಮ್ಮನವರು ಯೋಚಿಸಿದರು. ಕೂಸಿನ ತಾಯಿ ಯೋಚಿಸಲಿಲ್ಲ, ಕೂಸನ್ನು ಎದೆಗೊತ್ತಿಕೊಂಡಳು. ಇನ್ನೊಬ್ಬ ತನ್ನ ಗಾಡಿಯಲ್ಲಿ ಸೋಡಾ ಇದೆ ಎಂದ. ಅಷ್ಟರಲ್ಲಿ ಯಜಮಾನ್ತಿ ಎದ್ದು ಸಭಾಭವನದ ಕಡೆ ನಡೆದಳು. ನಾನೂ ಎದ್ದೆ. ಬೈಯುವುದಿದ್ದರೆ ಅಲ್ಲೇ ಬೈಯಲಿ, ಜನರ ಮುಂದೆ ಬೇಡ. ಮಗಳು ನನ್ನ ಹಿಂದೆ ಓಡಿ ಬಂದಳು.

ಅಡುಗೆಮನೆಯ ಗೋಡೆಯಲ್ಲಿ ಚಹಾದ ನೀರು ಕಾಯಿಸುವ ಡಬ್ಬವಿದೆ. ಆರಾಧನೆಗೆ ಮೊದಲೇ ಆಕೆ ಅದನ್ನು ಉರಿಸಿಟ್ಟಿದ್ದಳು. ಅದರ ಹೊಟ್ಟೆಯಲ್ಲಿ ಹಿಂದಿನ ದಿನ ತುಂಬಿದ ನೀರು ಹಾಗೇ ಇತ್ತು, ಆದರೆ ಕುದಿಯುತ್ತಿತ್ತು. ಕುದಿಯುವ ನೀರನ್ನು ಕೂಸಿನ ತಲೆಗೆ ಹಾಕುವುದಾದರೂ ಹೇಗೆ? ಆಕೆ ಒಂದು ಕಿಟ್ಲಿಗೆ ನೀರು ಬಿಟ್ಟು ಅದರ ಮುಂದೆ ನಿಂತು ಊದಿದಳು. ಎಂಬತ್ತು ದಾಟಿದ ಉಸಿರು, ಉಗಿ ಕೂಡ ಅಲ್ಲಾಡಲಿಲ್ಲ.

ನಾನು ಕಿಟ್ಲಿ ಕಸಿದುಕೊಂಡೆ. ಚಹಾ ಆರಿಸುವುದನ್ನು ನನಗೆ ಕಲಿಸಬೇಕೆ? ಒಂದು ಕಿಟ್ಲಿಯನ್ನು ತಲೆಯ ಮೇಲಕ್ಕೆ ಎತ್ತಿ ಇನ್ನೊಂದಕ್ಕೆ ಸೊಂಟದ ಹತ್ತಿರ ಸುರಿದೆ. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ. ಯಜಮಾನ್ತಿ ಬಾಯಿ ತೆರೆದು ನೋಡಿದಳು. ಆಮೇಲೆ ಎರಡನೆಯ ಕಿಟ್ಲಿಯನ್ನು ತಾನೇ ಹಿಡಿದಳು. ನಾನು ಮೇಲಿನಿಂದ ಸುರಿದೆ, ಆಕೆ ಕೆಳಗೆ ಹಿಡಿದಳು. ಆಕೆ ಸುರಿದಳು, ನಾನು ಹಿಡಿದೆ. ಅತ್ತ ಚರ್ಚಿನಲ್ಲಿ ಹೊತ್ತು ಕಳೆಯಲು ಹಾಡು ಹಾಡಿಸುತ್ತಿದ್ದರು. ಮುಗಿದ ಹಾಡನ್ನೇ ಮತ್ತೆ ಮೊದಲಿನಿಂದ ಎತ್ತಿದರು.

“ನಾ ನಿನ್ನೆ ಕಿಟ್ಲಿ ಗಲಬರಿಸಿದ್ದಕ್ಕ ಚಲೋ ಆತು,” ಎಂದೆ ಮಗಳಿಗೆ. “ಇಲ್ಲಂದ್ರ ಕೂಸಿನ ತಲಿ ಮ್ಯಾಲ ಬುರುಗು ಏಳತಿತ್ತು.”

ಮಗಳು ತುಟಿ ಕಚ್ಚಿಕೊಂಡಳು. ಯಜಮಾನ್ತಿ ನೀರು ಸುರಿಯುತ್ತಲೇ, ಏನಂದಳು ಎಂದು ಕೇಳಿದಳು. ಮಗಳು ಏನಿಲ್ಲ ಎಂದಳು. ಆಕೆ ಸುರಿಯುವುದು ನಿಲ್ಲಿಸಿ ಮತ್ತೆ ಕೇಳಿದಳು. ಕೂಸು ಕಾಯುತ್ತಿತ್ತು. ಮಗಳು ಹೇಳಿಬಿಟ್ಟಳು.

ಯಜಮಾನ್ತಿ ನೆಟ್ಟಗೆ ನಿಂತು ಒಂದು ಮಾತು ಹೇಳಿದಳು. ಮಗಳು ಅದನ್ನು ಬೆಟಗೇರಿ ಕನ್ನಡಕ್ಕೆ ತಂದಳು:

“ನಾ ಹುಟ್ಟಿದಾಗಿಂದ ಇದಽ ಕಪ್ಪಿನಾಗ ಕುಡ್ಯಾಕತ್ತೀನಿ, ಇನ್ನೂ ಗಟ್ಟಿ ಅದೀನಿ ಅಂತಾಳ.”

“ಹೊಟ್ಟ್ಯಾಗ ಅಷ್ಟು ಸಾಬಾಣ ಐತಿ, ರೋಗ ಹತ್ತಿದ್ರೂ ಜಾರಿ ಬೀಳತೈತಿ ಅನ್ನು.”

ಇದನ್ನೂ ಮಗಳು ಹೇಳಿದಳು. ಯಾವ ಧೈರ್ಯದಲ್ಲಿ ಹೇಳಿದಳೋ! ಯಜಮಾನ್ತಿಯ ಭುಜ ಅಲ್ಲಾಡಿತು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. ಎಷ್ಟು ನಕ್ಕಳೆಂದರೆ ಕಿಟ್ಲಿಯ ಮುಚ್ಚಳ ಟಣ ಟಣ ಬಡಿಯಿತು, ಕಾಲು ಭಾಗ ನೀರು ನೆಲಕ್ಕೆ ಹೋಯಿತು.

ಉಳಿದದ್ದನ್ನು ಇಬ್ಬರೂ ಹಿಡಿದುಕೊಂಡು ಚರ್ಚಿನ ನಡುದಾರಿಯಲ್ಲಿ ಬಂದೆವು. ಅಮ್ಮನವರು ಬೆರಳದ್ದಿ ನೋಡಿ ತಲೆಯಾಡಿಸಿ ಕಲ್ಲಿನ ಬೋಗುಣಿಗೆ ಸುರಿದರು. ನೀರು ತುಸು ಕೆಂಪಗಿತ್ತು. ಸಾಬೂನು ಹೋಗಿತ್ತು ನಿಜ, ಆದರೆ ಅಷ್ಟು ವರ್ಷದ ಚಹಾದ ಕರೆ ಒಂದು ಮಧ್ಯಾಹ್ನಕ್ಕೆ ಬಿಡುತ್ತದೆಯೆ? ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಕೂಸಿನ ತಲೆಯ ಮೇಲೆ ತಿಳಿ ಚಹಾ ಬಿತ್ತು. ಬೆಚ್ಚಗಿತ್ತೋ ಏನೋ, ಕೂಸು ಅಳಲಿಲ್ಲ, ನಾಲಿಗೆ ಚಾಚಿತು. ಈ ಚರ್ಚಿನಲ್ಲಿ ಅಳದೆ ದೀಕ್ಷಾಸ್ನಾನ ಪಡೆದ ಕೂಸು ಇದೊಂದೇ ಎಂದು ಅದರ ಅಜ್ಜ ಈಗಲೂ ಹೇಳಿಕೊಂಡು ತಿರುಗುತ್ತಾನೆ.

ಸೋಮವಾರ ನೀರಿನ ಟ್ಯಾಂಕರ್ ಬಂತು. ನನಗೆ ಇಲ್ಲಿಯವರೆಗೆ ಬಂದು ಟ್ಯಾಂಕರ್ ನೋಡುವ ಯೋಗವಿತ್ತು.

ಮುಂದಿನ ಭಾನುವಾರ ನಾನು ಸಭಾಭವನಕ್ಕೆ ಹೋಗಿ, ಯಾರೂ ಹೇಳುವ ಮೊದಲೇ ಕುರ್ಚಿಯಲ್ಲಿ ಕೂತೆ. ಬಿಸ್ಕೀಟು ಬರಲಿಲ್ಲ. ಕಿಟಕಿಯಿಂದ ಯಜಮಾನ್ತಿ ತಲೆ ಹಾಕಿ, ಒರೆಸುವ ಬಟ್ಟೆಯನ್ನು ನನ್ನ ಮಡಿಲಿಗೆ ಎಸೆದಳು. ಒಳಗೆ ಹೋದೆ. ಸಿಂಕಿನ ಪಕ್ಕದಲ್ಲಿ ಐಸ್‌ಕ್ರೀಮಿನ ದೊಡ್ಡ ಡಬ್ಬಿಯಲ್ಲಿ ತಿಳಿನೀರು ತುಂಬಿಟ್ಟಿದ್ದಳು. ಡಬ್ಬಿಯನ್ನು ತೋರಿಸಿ ಒಂದು ಬೆರಳೆತ್ತಿದಳು. ಒಂದು ಡಬ್ಬಿ, ಅಷ್ಟೇ. ನಲ್ಲಿಯನ್ನು ತೋರಿಸಿ ನನ್ನ ಕೈಗೆ ಒಂದು ಏಟು ಕೊಟ್ಟಳು. ಈಗ ಆಕೆ ನೊರೆಯ ಕಪ್ಪು ಕೊಡುತ್ತಾಳೆ, ನಾನು ಡಬ್ಬಿಯಲ್ಲಿ ಅದ್ದಿ ಒರೆಸುತ್ತೇನೆ. ಕೊನೆಯ ಕಪ್ಪಿನ ಹೊತ್ತಿಗೆ ಡಬ್ಬಿಯ ನೀರೂ ನೊರೆಯಾಗಿರುತ್ತದೆ. ನಾನು ಅದನ್ನು ನೋಡಿಯೂ ನೋಡದ ಹಾಗೆ ಇರುತ್ತೇನೆ. ಆ ಕೊನೆಯ ಕಪ್ಪುಗಳನ್ನು ಹಿಂದಿನ ಸಾಲಿನವರಿಗೆ ಕೊಡುತ್ತೇವೆ.

ಮೊನ್ನೆ ಹೊಸದಾಗಿ ಒಬ್ಬ ಹೆಂಗಸು ಬಂದಿದ್ದಳು. ಯಾರೋ ನರ್ಸಿನ ಅತ್ತೆ, ಕೇರಳದವಳು, ನನ್ನದೇ ವಯಸ್ಸು. ಚಹಾ ಮುಗಿಯುತ್ತಿದ್ದ ಹಾಗೆ ಬಾಗಿಲಿಗೆ ಬಂದು, ಸೀರೆಯ ಸೆರಗು ಸಿಕ್ಕಿಸಿ, ಸಿಂಕಿನ ಕಡೆ ನೋಡಿದಳು. ನೊರೆಯ ಕಪ್ಪನ್ನು ನೋಡಿ ಅವಳ ಮುಖ ಯಾಕೆ ಹುಳ್ಳಗಾಯಿತೆಂದು ನನಗೆ ಗೊತ್ತಾಯಿತು. ಯಜಮಾನ್ತಿಯ ಎರಡೂ ಕೈ ನೊರೆಯಲ್ಲಿದ್ದವು. ನಾನೇ ಹೋಗಿ ಅವಳ ಮೊಳಕೈ ಹಿಡಿದು, ತಿರುಗಿಸಿ, ಕುರ್ಚಿಗೆ ತಂದು ಬಿಟ್ಟೆ.

“ಸಿಟ್ ಡೌನ್, ಡಿಯರ್,” ಎಂದೆ.

ಅವಳು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಬಸಿಯಲ್ಲಿ ಮೂರು ಬಿಸ್ಕೀಟು ಇಟ್ಟುಕೊಟ್ಟು ಒಳಗೆ ಬಂದೆ. ಒಂದು ಡಬ್ಬಿ ನೀರಿಗೆ ಇಬ್ಬರು ಗಲಬರಿಸುವವರು ಹೆಚ್ಚಾಗುತ್ತಾರೆ.