ಮಿರ್ವಾಲಿಯ ಮನೆಯ ನೋರಿನ್

ಮಿರ್ವಾಲಿ ಮೂವತ್ತೊಂದು ವರ್ಷ ತಾಷ್ಕೆಂಟಿನ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಬಸ್ಸು ಬಿಟ್ಟರೂ ತಪಾಸಣೆ ಬಿಡಲಿಲ್ಲ. ಈಗ ಊರವರ ತಟ್ಟೆಗಳನ್ನು ತಪಾಸಣೆ ಮಾಡುತ್ತಾನೆ.

ಮದುವೆಯ ಪಲಾವಿಗೆ ಕೂತರೆ ಗಜ್ಜರಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾನೆ. ಹೊಸ ಹೋಟೆಲಿಗೆ ಹೋದರೆ ಅಡುಗೆಯವನನ್ನು ಕರೆಸಿ, ಯಾರ ಬಳಿ ಕಲಿತೆ ಎಂದು ವಿಚಾರಿಸಿ, ಯಾರ ಹೆಸರು ಹೇಳಿದರೂ ಅದಕ್ಕೇ ಹೀಗಾಗಿದೆ ಎನ್ನುತ್ತಾನೆ. ಒಮ್ಮೆ ಸಾವಿನ ಮನೆಯಲ್ಲಿ ಕೊಟ್ಟ ಹಲ್ವಾಕ್ಕೆ ಹಿಟ್ಟು ಹುರಿದದ್ದು ಸಾಲದು ಎಂದು ತೀರ್ಪು ಕೊಟ್ಟು, ಇನ್ನೊಂದು ಸಲ ಹಾಕಿಸಿಕೊಂಡಿದ್ದ. ಬಾಯಿಯ ಒಂದು ಕೆಲಸ ಇನ್ನೊಂದಕ್ಕೆ ಅಡ್ಡ ಬರದಂತೆ ನೋಡಿಕೊಳ್ಳುವುದರಲ್ಲಿ ಅವನಷ್ಟು ಪಳಗಿದವರನ್ನು ನಾನು ಕಂಡಿಲ್ಲ. ಕಾಣುವ ಅವಕಾಶವೂ ನನಗೆ ಹೆಚ್ಚೇ. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ, ಮತ್ತು ಬಜಾರಿನಲ್ಲಿ ನನ್ನ ಒಣದ್ರಾಕ್ಷಿ ಅಂಗಡಿ ಅವನ ದಿನನಿತ್ಯದ ದಾರಿಯಲ್ಲಿದೆ. ಬಂದು ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಾನೆ, ಇನ್ನೊಂದು ಹಿಡಿ ಕೇಳುತ್ತಾನೆ, ಹೋದ ವರ್ಷದ್ದೇ ವಾಸಿಯಿತ್ತು ಎಂದು ನಡೆಯುತ್ತಾನೆ. ಹೋದ ವರ್ಷವೂ ಹಾಗೇ ಅಂದಿದ್ದ.

ನಮ್ಮ ಓಣಿಯ ಎಂಟು ಗಂಡಸರದ್ದು ಒಂದು ಕೂಟ. ಚಳಿಗಾಲದ ಶುಕ್ರವಾರಗಳಲ್ಲಿ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಊಟ. ಬಾಗಿಲಿಗೆ ದೂರವಾಗಿ, ಎಲ್ಲಕ್ಕಿಂತ ಮೇಲಿನ ಜಾಗದಲ್ಲಿ ಕೂಟದ ಯಜಮಾನ ಕೂರುತ್ತಾನೆ. ಊಟ ಹೇಗಿತ್ತು ಎಂದು ಮೊದಲ ಮಾತು ಆಡುವ ಹಕ್ಕು ಅವನದು. ಹನ್ನೆರಡು ವರ್ಷದಿಂದ ಆ ಜಾಗ ಮಿರ್ವಾಲಿಯದು. ಯಾರೂ ಕೊಟ್ಟದ್ದಲ್ಲ, ಒಂದು ದಿನ ಅಲ್ಲಿ ಕೂತ, ಮತ್ತೆ ಏಳಲಿಲ್ಲ. ಅವನ ಸರದಿ ಮಾತ್ರ ಪ್ರತಿ ವರ್ಷ ಹೇಗೋ ಜಾರಿ ಜಾರಿ ಬೇಸಿಗೆಗೆ ಹೋಗಿ, ಒಂದು ಕರಬೂಜ ಹಣ್ಣು ಮತ್ತು ಒಂದು ಕೆಟಲ್ ಹಸಿರು ಚಹಾದಲ್ಲಿ ಮುಗಿಯುತ್ತಿತ್ತು.

ಆದರೆ ಯಾರ ಮನೆಯಲ್ಲಿ ನೋರಿನ್ ಮುಂದಿಟ್ಟರೂ ಅವನದು ಒಂದೇ ಮಾತು: ನೋರಿನ್ ಅಂದರೆ ನಮ್ಮ ಮನೆಯದು. ಚಳಿಗಾಲ ಬಂತೆಂದರೆ ನಮಗೆ ನೋರಿನ್ ಬೇಕೇ ಬೇಕು. ಗಟ್ಟಿಯಾಗಿ ನಾದಿದ ಹಿಟ್ಟನ್ನು ಕಾಗದದಂತೆ ಲಟ್ಟಿಸಿ, ಹಾಳೆ ಹಾಳೆಯಾಗಿ ಬೇಯಿಸಿ, ಎಣ್ಣೆ ಸವರಿ ಆರಿಸಿ, ಸುರುಳಿ ಸುತ್ತಿ, ಚಾಕುವಿನಿಂದ ಕೂದಲೆಳೆಯಂತೆ ಕತ್ತರಿಸಬೇಕು. ಬೆಂದ ಕುದುರೆ ಮಾಂಸವನ್ನೂ ಅಷ್ಟೇ ಸಣ್ಣಗೆ ಕತ್ತರಿಸಿ, ಜೀರಿಗೆ ಮೆಣಸು ಹಾಕಿ, ಎರಡನ್ನೂ ಕೈಯಲ್ಲೇ ಕಲೆಸಬೇಕು. ಒಂದು ಬೋಗುಣಿಗೆ ಅರ್ಧ ದಿನದ ಕೈನೋವು. ಮಿರ್ವಾಲಿಯ ಹೆಂಡತಿ ಸಲೋಮತ್ ಇದರಲ್ಲಿ ಎತ್ತಿದ ಕೈ. ಓಣಿಯ ಮದುವೆಗಳಿಗೆಲ್ಲ ಅವಳನ್ನೇ ಕರೆದು ಕತ್ತರಿಸಲು ಕೂರಿಸುತ್ತಿದ್ದರು. ಚಾಕು ಅವಳದು, ಮೆರವಣಿಗೆ ಇವನದು.

ಇಂಥವನಿಂದ ಒಂದು ಊಟ ಕೀಳಲು ನಮಗಿದ್ದ ದಾರಿ ಒಂದೇ, ಹಿಮಪತ್ರ. ವರ್ಷದ ಮೊದಲ ಹಿಮ ಬಿದ್ದ ದಿನ ಒಂದು ಚೀಟಿಯಲ್ಲಿ ಬೇಕಾದ ಊಟವನ್ನು ಬರೆದು ಗೆಳೆಯನ ಕೈಗೆ ದಾಟಿಸಬೇಕು. ಅವನು ಓದುವ ಮೊದಲು ಕೊಟ್ಟವನು ಪಾರಾದರೆ ಊಟ ಗೆಳೆಯನ ತಲೆಗೆ. ಸಿಕ್ಕಿಬಿದ್ದರೆ ಕೊಟ್ಟವನ ಮುಖಕ್ಕೆ ಒಲೆಯ ಮಸಿ, ಊಟವೂ ಅವನದೇ ಖರ್ಚು. ಅದಕ್ಕೇ ಮಿರ್ವಾಲಿ ಹಿಮ ಬಿದ್ದ ದಿನ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ರೊಟ್ಟಿಯವಳು ಚಿಲ್ಲರೆ ಕೊಟ್ಟರೆ ಹಲಗೆಯ ಮೇಲಿಡಲು ಹೇಳುತ್ತಿದ್ದ. ಒಂದು ವರ್ಷ ಅಂಚೆಯವನಿಗೆ ಪಿಂಚಣಿಯ ಕಾಗದವನ್ನು ಬಾಗಿಲ ಸಂದಿಯಿಂದ ಬೀಳಿಸಿ ಹೋಗು ಎಂದಿದ್ದ.

ಈ ವರ್ಷ ಡಿಸೆಂಬರ್ ಎರಡನೇ ವಾರ ಹಿಮ ಬಿತ್ತು. ಚೀಟಿ ಬರೆದವರು ಎರ್ಗಶ್, ನಮ್ಮ ಕೂಟದ ನಿವೃತ್ತ ಮೇಷ್ಟರು. ಅಕ್ಷರ ಅವರದು ದುಂಡಗೆ. ಎಂಟು ಜನಕ್ಕೆ ನೋರಿನ್, ಮೇಲೆ ಕುದುರೆ ಮಾಂಸದ ಸಾಸೇಜು, ಪಕ್ಕಕ್ಕೆ ಈರುಳ್ಳಿ ತೇಲಿಸಿದ ಬಿಸಿ ಸಾರು. ಏಳು ದಿನದೊಳಗೆ. ಎಲ್ಲವೂ ಮನೆಯ ಚಾಕುವಿನಲ್ಲೇ ಕತ್ತರಿಸಿದ್ದಾಗಿರಬೇಕು. ಹೊರಗಿನಿಂದ ತರಿಸಿದ್ದೆಂದು ತಿಳಿದರೆ ಯಜಮಾನನು ಮೇಲಿನ ಜಾಗ ಬಿಟ್ಟು ಹೊಸ್ತಿಲ ಬಳಿ ಕೂತು ಚಹಾ ಬಗ್ಗಿಸಬೇಕು, ವಸಂತದ ಹಬ್ಬದವರೆಗೆ ಯಾರ ಊಟದ ಬಗ್ಗೆಯೂ ತುಟಿ ಬಿಚ್ಚಬಾರದು. ಈ ಕಡೆಯ ಸಾಲನ್ನು ಏಳು ಮಂದಿಯೂ ಕೂಡಿ ಸೇರಿಸಿದೆವು. ನಿಜ ಹೇಳಬೇಕೆಂದರೆ ಊಟಕ್ಕಿಂತ ಆ ಸಾಲಿನ ಮೇಲೇ ನಮಗೆ ಆಸೆ.

ದಾಟಿಸುವ ಕೆಲಸ ನನಗೆ ಬಿತ್ತು. ನಾನು ಚೀಟಿಯನ್ನು ಕಾಗದದ ಪೊಟ್ಟಣದ ತಳದಲ್ಲಿಟ್ಟು, ಮೇಲೆ ಒಳ್ಳೆಯ ಕಪ್ಪು ದ್ರಾಕ್ಷಿ ತುಂಬಿ, ಹೊಸ ಮಾಲು ಬಂದಿದೆ ರುಚಿ ನೋಡಿ ಅಣ್ಣ ಎಂದೆ. ಜಗತ್ತಿನ ಯಾವ ಕೈಯನ್ನಾದರೂ ಸಂಶಯಿಸುವ ಮನುಷ್ಯ ಬಿಟ್ಟಿ ಕೊಡುವ ಕೈಯನ್ನು ಸಂಶಯಿಸಲಿಲ್ಲ. ತಿನ್ನುತ್ತಾ ಹೋದ. ಬಸ್ ಸ್ಟಾಪಿನಲ್ಲಿ ಕೊನೆಯ ದ್ರಾಕ್ಷಿಗೆ ಬೆರಳು ಹಾಕಿದಾಗ ಎರ್ಗಶ್ ಮೇಷ್ಟರ ದುಂಡಗಿನ ಅಕ್ಷರ ಸಿಕ್ಕಿತಂತೆ.

ಮಿರ್ವಾಲಿಯ ಗ್ರಹಚಾರಕ್ಕೆ ಸಲೋಮತ್ ಊರಲ್ಲಿರಲಿಲ್ಲ. ನಮಂಗಾನಿನಲ್ಲಿ ಮಗಳು ಹೆತ್ತು ಹದಿನೈದು ದಿನವಾಗಿತ್ತು. ನಲವತ್ತು ದಿನ ತುಂಬುವವರೆಗೆ ಕೂಸನ್ನೂ ಬಾಣಂತಿಯನ್ನೂ ಒಂಟಿಯಾಗಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಸಾಸೇಜನ್ನು ಮಾತ್ರ ತುಂಬಿ ಜಗಲಿಯ ತಂಪಿಗೆ ನೇತುಹಾಕಿ ಹೋಗಿದ್ದಳು. ಮಿರ್ವಾಲಿ ಅವಳಿಗೆ ಫೋನು ಮಾಡಿದ. ಅಂಗಳದಲ್ಲಿ ನಿಂತು, ಫೋನನ್ನು ಗಟ್ಟಿಯಾಗಿಟ್ಟು ಮಾತಾಡುವುದು ಅವನ ಅಭ್ಯಾಸ. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ.

"ಹಿಟ್ಟಿಗೆ ನೀರು ಎಷ್ಟು ಹಾಕ್ಬೇಕು?"

"ಇಷ್ಟು ವರ್ಷ ಊರವರಿಗೆಲ್ಲ ಹೇಳ್ಕೊಡ್ತಿದ್ರಲ್ಲ, ಮಕ್ಕಳಪ್ಪ. ಈಗ ನಿಮಗೆ ನೀವೇ ಸ್ವಲ್ಪ ಹೇಳ್ಕೊಳ್ಳಿ."

"ತಮಾಷೆ ಬೇಡ. ನೀರು ಎಷ್ಟು?"

"ಹಿಟ್ಟು ಕೇಳಿದಷ್ಟು."

"ಹಿಟ್ಟು ಎಲ್ಲಾದ್ರೂ ಮಾತಾಡುತ್ತಾ?"

"ನೀವು ಬಾಯಿ ಮುಚ್ಚಿದ್ರೆ ಮಾತಾಡುತ್ತೆ."

ಆಮೇಲೆ ಅವಳು ಪಾಪ, ಎಲ್ಲವನ್ನೂ ಬಿಡಿಸಿ ಹೇಳಿದಳು. ಎರಡು ದಿನ ಗೋಡೆಯಾಚೆ ಲಟ್ಟಣಿಗೆಯ ಸದ್ದು ಕೇಳಿತು, ಬೈಗುಳ ಕೇಳಿತು. ಮೂರನೆಯ ದಿನ ಅವನು ಕತ್ತರಿಸಿದ ಎಳೆಗಳನ್ನು ನಮ್ಮ ಓಣಿಯ ನಾಯಿಯ ಮುಂದೆ ಕಂಡೆ. ಒಂದೊಂದು ಎಳೆಯಲ್ಲೂ ಕತ್ತೆ ಕಟ್ಟಬಹುದಿತ್ತು. ನಾಯಿ ಮೂಸಿ, ಹಿಂದಕ್ಕೆ ಸರಿದು ಕೂತಿತು. ಅದೂ ಅವನ ಹತ್ತಿರವೇ ಕಲಿತಿರಬೇಕು.

ಏಳನೆಯ ದಿನ ಭಾನುವಾರ ಮಧ್ಯಾಹ್ನ ನಾವು ಏಳೂ ಮಂದಿ ಹಾಜರು. ಮಿರ್ವಾಲಿ ಇಸ್ತ್ರಿಯ ಅಂಗಿ ಹಾಕಿ ಬಾಗಿಲಲ್ಲೇ ನಿಂತಿದ್ದ. ಅಂಗಿಯ ತೋಳಿನಲ್ಲಿ ಹಿಟ್ಟಿನ ಗುರುತು ಇಲ್ಲ, ಮನೆಯಲ್ಲಿ ಕುದಿಯುವ ವಾಸನೆ ಇಲ್ಲ. ಆದರೂ ಸಲೋಮತಳ ನೀಲಿ ಹೂವಿನ ದೊಡ್ಡ ತಟ್ಟೆಯಲ್ಲಿ ನೋರಿನ್ ಗುಡ್ಡದಂತೆ ಬಂತು. ನಾನು ಸರಕು ನೋಡಿ ಬದುಕುವವನು, ಒಂದು ಚಿಟಿಕೆ ಎತ್ತಿದರೆ ಸಾಕು. ಎಳೆ ಎಳೆಯೂ ಒಂದೇ ಉದ್ದ, ಒಂದೇ ದಪ್ಪ. ಮನುಷ್ಯನ ಕೈಗೆ ಅಷ್ಟು ಶಿಸ್ತಿಲ್ಲ. ಮೂರು ಬೀದಿ ಆಚೆಯ ನೋರಿನ್ ಹೋಟೆಲಿನವರು ಹಿಂದಿನ ವರ್ಷ ಯಂತ್ರ ತಂದದ್ದು, ಅಲ್ಲಿ ಕೂತು ಮಿರ್ವಾಲಿ ಯಂತ್ರದ ನೋರಿನ್ ತಿನ್ನುವುದೂ ಹಗ್ಗ ತಿನ್ನುವುದೂ ಒಂದೇ ಎಂದು ಅವರ ಮುಖಕ್ಕೇ ಹೇಳಿದ್ದು, ಎರಡೂ ನನಗೆ ಗೊತ್ತು. ಆದರೆ ಬೇರೆಯವರ ಮಾಲಿನ ಕುಂದನ್ನು ಕೇಳದೆ ಹೇಳುವುದು ನಮ್ಮ ಕಸುಬಿನಲ್ಲಿಲ್ಲ. ತಿಂದೆ.

ಮೇಷ್ಟರು ತಿನ್ನುವುದನ್ನು ನಿಲ್ಲಿಸಿ ಕೇಳಿದರು, ಯಾರು ಕತ್ತರಿಸಿದ್ದು ಎಂದು. ನಾನೇ ಎಂದಿದ್ದರೆ ಒಬ್ಬನೂ ನಂಬುತ್ತಿರಲಿಲ್ಲ. ಅಷ್ಟು ಬುದ್ಧಿ ಅವನಿಗಿತ್ತು. ಮುಂದಿನದಕ್ಕೆ ಬುದ್ಧಿ ಉಳಿಯಲಿಲ್ಲ. ಸಲೋಮತ್ ಶುಕ್ರವಾರ ಬಂದಳು, ಎರಡು ದಿನ ಕೂತು ಎಲ್ಲ ಮುಗಿಸಿ, ಇವತ್ತು ಬೆಳಗಿನ ರೈಲಿಗೆ ವಾಪಸು ಹೋದಳು ಎಂದುಬಿಟ್ಟ. ಏಳು ಮಂದಿಯ ಬಾಯಲ್ಲೂ ನೋರಿನ್ ತುಂಬಿತ್ತು. ಈ ಮಾತಿನಲ್ಲಿ ಏನು ಹೇಳಿದಂತಾಯಿತು ಎಂದು ಆ ಗಳಿಗೆಯಲ್ಲಿ ಯಾರ ತಲೆಗೂ ಹೋಗಲಿಲ್ಲ, ನನ್ನ ತಲೆಗೂ.

ಮೇಷ್ಟರು ಮಾತ್ರ ಕರಗಿಹೋದರು. ಇಂಥ ಕೈಗೆ ಮೂರನೆಯವರ ಮೂಲಕ ಕೃತಜ್ಞತೆ ಹೇಳಬಾರದು ಎಂದು ತಮ್ಮ ಫೋನು ತೆಗೆದರು. ಈಗ ಅವಳು ಮಲಗಿರುತ್ತಾಳೆ, ಪ್ರಯಾಣದ ದಣಿವು ಎಂದು ಮಿರ್ವಾಲಿ ತಡೆದ. ಅಷ್ಟರಲ್ಲಿ ಆ ಕಡೆ ಎತ್ತಿಯಾಗಿತ್ತು. ಮೇಷ್ಟರಿಗೆ ಕಿವಿ ಮಂದ, ಅವರ ಫೋನೂ ಗಟ್ಟಿ.

"ಸಲೋಮತ್ ತಂಗಿ, ನಿನ್ನ ಕೈ ನೋಯದಿರಲಿ. ನನ್ನ ಮಗನ ಮದುವೇಲಿ ಕತ್ತರಿಸಿದ್ದು ಏನೂ ಅಲ್ಲ ಬಿಡು, ಇವತ್ತಿಂದು ನಿಜವಾದ ನೋರಿನ್."

ಮಿರ್ವಾಲಿ ಚಹಾದ ಬಟ್ಟಲನ್ನು ಹಿಡಿದು ಕೂತಿದ್ದ, ಕುಡಿಯಲಿಲ್ಲ. ಅವಳಿಗೆ ಅಷ್ಟರಲ್ಲೇ ಎಲ್ಲ ತಿಳಿದಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವಳು.

"ಸಂತೋಷ, ಎರ್ಗಶ್ ಅಣ್ಣ," ಎಂದಳು. "ಹೊಟ್ಟೆ ತುಂಬಾ ತಿನ್ನಿ."

ಮಿರ್ವಾಲಿ ಉಸಿರು ಬಿಟ್ಟ. ಮೇಲಿನ ಜಾಗ ಉಳಿಯಿತು, ನಾಲಿಗೆ ಉಳಿಯಿತು. ದಿಂಬಿಗೆ ಒರಗಿ ಕೂಡ ಕೂತ. ಆದರೆ ಮೇಷ್ಟರು ಅಲ್ಲಿಗೆ ನಿಲ್ಲಿಸುವ ಜನವಲ್ಲ. ನಮಗೋಸ್ಕರ ಇಪ್ಪತ್ತು ದಿನದ ಕೂಸನ್ನೂ ಬಾಣಂತಿಯನ್ನೂ ಬಿಟ್ಟು ಎರಡು ದಿನ ಬಂದು ಹೋದೆಯಲ್ಲ, ಈ ಋಣ ಹೇಗೆ ತೀರಿಸಲಿ ಎಂದರು.

"ಏನಂದ್ರಿ?"

ಮೇಷ್ಟರು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು.

"ಎರ್ಗಶ್ ಅಣ್ಣ, ನನ್ನ ನೋರಿನ್ ಕೆಟ್ಟದು ಅನ್ನಿ, ತಡ್ಕೋತೀನಿ. ಹೋಟ್ಲಿಂದು ನಂದು ಅಂತ ತಿನ್ನಿಸಿದ್ರೂ ತಡ್ಕೋತಿದ್ದೆ. ನಲವತ್ತು ತುಂಬದ ಮಗೂನ ಬಿಟ್ಟು ನಾನು ಹೊಸ್ತಿಲು ದಾಟಿದೆ ಅಂತ ಓಣೀಲಿ ಹೇಳ್ಕೊಂಡು ತಿರುಗಿದ್ರೆ, ಬೀಗಿತ್ತಿ ಮುಖ ನಾನು ಹೇಗೆ ನೋಡ್ಲಿ? ಇಲ್ಲಿಗೆ ಬಂದಾಗಿಂದ ನಾನು ಬೀದಿ ಬಾಗ್ಲು ಕಂಡಿಲ್ಲ. ಆ ತಟ್ಟೇಲಿರೋದು ಯಾರ ಕೈದು ಅಂತ ಪಕ್ಕದಲ್ಲೇ ಕೂತಿದ್ದಾರಲ್ಲ, ಅವರನ್ನೇ ಕೇಳಿ."

ಫೋನು ಇಟ್ಟಳು. ಮೇಷ್ಟರು ಮಿರ್ವಾಲಿಯನ್ನು ಏನೂ ಕೇಳಲಿಲ್ಲ. ಜೇಬಿನಿಂದ ಹಿಮಪತ್ರದ ನಕಲು ತೆಗೆದು, ಕನ್ನಡಕ ಹಾಕಿಕೊಂಡು, ಕೊನೆಯ ಸಾಲನ್ನು ತರಗತಿಯಲ್ಲಿ ಓದುವಂತೆ ಓದಿದರು. ಮಿರ್ವಾಲಿ ಎದ್ದ. ಯಂತ್ರದ್ದಾದರೂ ಮಾಂಸ ಒಳ್ಳೆಯದೇ ಇತ್ತು ಎಂದು ಏನೋ ಶುರು ಮಾಡಿದ. ಊಟದ ಬಗ್ಗೆ ಮಾತಿಲ್ಲ ಅಣ್ಣ ಎಂದು ನಾನು ನೆನಪಿಸಿದೆ. ಹೊಸ್ತಿಲ ಬಳಿ ಹೋಗಿ ಕೂತು, ಕೆಟಲ್ ಎತ್ತಿಕೊಂಡ. ಸಾಸೇಜು ಮಾತ್ರ ಸಲೋಮತಳದ್ದೇ ಎಂದು ಎಲ್ಲರಿಗೂ ತಿಳಿದಿತ್ತು. ಒಂದು ತುಂಡೂ ಉಳಿಯಲಿಲ್ಲ. ಯಂತ್ರದ ನೋರಿನ್ ಅರ್ಧ ತಟ್ಟೆ ಉಳಿಯಿತು. ಮೊದಲು ಹೊಗಳಿದ ಮೇಷ್ಟರೇ ಮೊದಲು ಕೈ ತೊಳೆದರು. ಹಗ್ಗದಂತಿದೆ ಎಂದರು.

ಮುಂದಿನ ಶುಕ್ರವಾರ ಮೇಷ್ಟರ ಮನೆಯಲ್ಲಿ ಹೊಸ ಸೊಸೆಯ ಮೊದಲ ನೋರಿನ್. ಉಪ್ಪು ಒಂದು ಹಿಡಿ ಜಾಸ್ತಿ. ಸೊಸೆ ಬಾಗಿಲ ಪರದೆಯ ಹಿಂದೆ ನಿಂತು ಕಾಯುತ್ತಿದ್ದಳು. ಹನ್ನೆರಡು ವರ್ಷದ ಅಭ್ಯಾಸ, ನಾವೆಲ್ಲ ಹೊಸ್ತಿಲ ಕಡೆ ನೋಡಿದೆವು. ಮಿರ್ವಾಲಿ ತುತ್ತನ್ನು ಬಾಯಲ್ಲಿಟ್ಟುಕೊಂಡು ಕೆನ್ನೆ ಕೆಂಪಗೆ ಮಾಡಿಕೊಂಡಿದ್ದ. ಎರಡು ಸಲ ತುಟಿ ಬಿಚ್ಚಿದ, ಎರಡು ಸಲ ಮುಚ್ಚಿದ. ಕೊನೆಗೆ ನುಂಗಿ, ಎಲ್ಲರ ಬಟ್ಟಲಿಗೂ ಚಹಾ ಬಗ್ಗಿಸಿ, ತನ್ನ ಬಟ್ಟಲಿಗೆ ಎರಡು ಸಲ ಬಗ್ಗಿಸಿಕೊಂಡು ಕುಡಿದ. ಚೆನ್ನಾಗಿದೆ ಮಗಳೇ ಎಂದು ಮೇಷ್ಟರು ಒಳಗೆ ಕೂಗಿ ಹೇಳಿದರು. ಪರದೆಯ ಹಿಂದೆ ಬಳೆ ಸದ್ದಾಯಿತು. ಆ ಹುಡುಗಿ ಆಮೇಲೆ ಇನ್ನೊಂದು ತಟ್ಟೆ ಕಳಿಸಿದಳು, ಅದರಲ್ಲೂ ಅಷ್ಟೇ ಉಪ್ಪು.