ಪರದೆಗೆ ಡಾಕ್ಟರನ್ನು ಕರೆತರುವ ಪ್ರತಿಮಾ

ಬೆಳಗಿನ ಏಳು ಗಂಟೆ. ಹುಂಚದ ಹತ್ತಿರದ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ಪ್ರತಿಮಾ ನೆಲದ ಮೇಲೆ ಕೂತು ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚುತ್ತಿದ್ದಾರೆ. ಹೊಸನಗರದಿಂದ ಮೊದಲ ಬಸ್ಸಿಗೆ ಬಂದವರು, ತಿಂಡಿ ಡಬ್ಬಿ ಇನ್ನೂ ತೆರೆದಿಲ್ಲ. ಅವರ ಕೆಲಸದ ಬಗ್ಗೆ ಬರೆಯಲು ನಾನೂ ಜೊತೆಗೆ ಬಂದಿದ್ದೇನೆ. ಹತ್ತು ಗಂಟೆಗೆ ಶಿವಮೊಗ್ಗದ ಡಾಕ್ಟರು ಈ ಪರದೆಯ ಮೇಲೆ ಬರಬೇಕು. ನಿನ್ನೆಯಿಂದ ನೆಟ್ ಇಲ್ಲ. ಮೊಬೈಲಿಗೂ ಇಲ್ಲಿ ಸಿಗ್ನಲ್ ಸಿಗುವುದಿಲ್ಲ.

ಹೊರಗಿನ ಬೆಂಚಿನ ಮೇಲೆ ಗುತ್ಯಮ್ಮ ಆಗಲೇ ಬಂದು ಕೂತಿದ್ದಾರೆ. ಸಕ್ಕರೆ ಕಾಯಿಲೆಯವರು, ಕಾಲಿನ ಹೆಬ್ಬೆರಳಿಗೆ ಹುಣ್ಣಾಗಿದೆ. ಬೆರಳು ಉಳಿಯುತ್ತದೋ, ತೆಗೆಯಬೇಕೋ ಎಂದು ಡಾಕ್ಟರು ಇಂದು ನೋಡಿ ಹೇಳುತ್ತಾರೆ. ಇಂದು ತಪ್ಪಿದರೆ ಮತ್ತೆ ಹದಿನೈದು ದಿನ. ಅಷ್ಟು ದಿನ ಕಾಯುವ ಹುಣ್ಣು ಅದಲ್ಲ.

ಮೂವತ್ತನಾಲ್ಕರ ಪ್ರತಿಮಾ ಸೇವಾಸಂಸ್ಥೆಯೊಂದರ ಒಬ್ಬರೇ ಒಬ್ಬ ತಂತ್ರಜ್ಞೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹತ್ತೊಂಬತ್ತು ಕೇಂದ್ರ, ನಲವತ್ತೊಂದು ಹಳೆಯ ಕಂಪ್ಯೂಟರು, ಎಲ್ಲದರಲ್ಲೂ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ತಂತ್ರಾಂಶ. ದಿನಕ್ಕೆ ನಾಲ್ಕು ಬಸ್ಸಾದರೂ ಹತ್ತಿ ಇಳಿಯುತ್ತಾರೆ. ಮೊದಲು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದರು. ಲಿನಕ್ಸನ್ನು ಕೆಡಿಸಿ ಕೆಡಿಸಿಯೇ ಕಲಿತರಂತೆ. "ಈಗ್ಲೂ ಕೆಲವು ಕಡೆ, ಗಂಡಸ್ರು ಯಾರೂ ಬರ್ಲಿಲ್ವಾ ಅಂತ ಕೇಳ್ತಾರೆ. ನಾನು ಸ್ಕ್ರೂಡ್ರೈವರ್ ತೆಗೀತೀನಿ, ಸುಮ್ನಾಗ್ತಾರೆ," ಎಂದು ನಗುತ್ತಾರೆ. ಮನೆಯ ವೈಫೈ ಹೋದರೆ ಡಬ್ಬಿಗೆ ಎರಡು ಗುದ್ದು ಕೊಡುವುದಷ್ಟೇ ಗೊತ್ತಿರುವ ನಾನೂ ಸುಮ್ಮನಾದೆ.

ವೈರು ಸರಿಯಿದೆ. ಹಾಗಾದರೆ ಕಂಪ್ಯೂಟರಿನೊಳಗೆ ಆ ವೈರು ಬಂದು ಸೇರುವ ನೆಟ್ ಕಾರ್ಡೇ ಸುಟ್ಟಿರಬೇಕು. ಬೇರೆ ಕಾರ್ಡು ಸಾಗರದಲ್ಲಿದೆ, ತರುವ ಹೊತ್ತಿಗೆ ಮಧ್ಯಾಹ್ನ. ಕೇಂದ್ರ ನೋಡಿಕೊಳ್ಳುವ ಕೆರಿಯಪ್ಪ ಬಾಗಿಲ ಬಳಿ ಟವೆಲ್ ಹಿಂಡುತ್ತಾ ನಿಂತಿದ್ದಾರೆ. ಕೊನೆಗೆ ಬಾಯಿ ಬಿಡುತ್ತಾರೆ.

"ಮೊನ್ನೆ ಗುಡುಗು ಜೋರಿತ್ತು ಮೇಡಮ್ಮೋರೆ. ಹೋದ್ ವರ್ಷ ಸಿಡ್ಲಿಗೆ ಸುಟ್ಟಿತ್ತಲ್ಲ, ಅದ್ಕೆ ವೈರಷ್ಟೇ ಅಲ್ಲ, ನೀವು ಹಾಕಿದ್ ಕಾರ್ಡೂ ಬಿಚ್ಚಿ ಬೀರುವಲ್ಲಿಟ್ಟಿದ್ದೆ. ನಿನ್ನೆ ಮತ್ತೆ ಹಾಕ್ದೆ. ಅಕ್ಕಪಕ್ಕ ಎರಡು ಗೂಡಿದ್ವು, ಯಾವ್ದು ಅಂತ ಮರ್ತೋಯ್ತು."

ಪ್ರತಿಮಾ ಕೈ ನಿಲ್ಲಿಸಿ ಅವರನ್ನೇ ನೋಡುತ್ತಾರೆ. ಬೈಗುಳ ಬರುತ್ತದೆಂದು ನಾನು ಕಾದೆ, ಬರಲಿಲ್ಲ.

"ನೀವು ಕಾರ್ಡ್ ಕಾಪಾಡಿದೀರಿ ಕೆರಿಯಪ್ಪಣ್ಣ, ಹೆದರ್ಬೇಡಿ."

ಕೀಲಿಮಣೆಯಲ್ಲಿ ಏನೋ ಒತ್ತುತ್ತಾರೆ. ಪ್ರತಿ ಕಾರ್ಡಿಗೂ ಹುಟ್ಟುವಾಗಲೇ ಹನ್ನೆರಡು ಅಕ್ಷರ ಅಂಕಿಗಳ ವಿಳಾಸವೊಂದು ಇರುತ್ತದೆ. ಪರದೆಯಲ್ಲಿ ಬಂದ ವಿಳಾಸವನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದದ್ದರ ಜೊತೆ ಬೆರಳಿಟ್ಟು ತಾಳೆ ನೋಡುತ್ತಾರೆ. ಅದೇ ಕಾರ್ಡು, ಸುಟ್ಟಿಲ್ಲ. ಆದರೆ ಇಲ್ಲಿ ಕಂಪ್ಯೂಟರು ಕಾರ್ಡಿಗೆ ಹೆಸರಿಡುವುದು ಅದು ಕೂತ ಜಾಗ ನೋಡಿ. ಜಾಗ ಬದಲಾಯಿತು, ಹೆಸರೂ ಬದಲಾಯಿತು. ಸೆಟ್ಟಿಂಗ್ ಮಾತ್ರ ಹಳೆಯ ಹೆಸರಿನವನಿಗಾಗಿ ಕಾಯುತ್ತಲೇ ಇತ್ತು.

ಹಳೆಯ ಜಾಗಕ್ಕೆ ಹಾಕಿದರೆ ಮುಗಿಯಿತಲ್ಲ ಎಂದೆ.

"ಮುಂದಿನ್ ಗುಡುಗಿಗೆ ಇವ್ರು ಮತ್ತೆ ಬಿಚ್ತಾರೆ ಸರ್. ಬಿಚ್ಲಿ, ಬೇಡ ಅನ್ನಲ್ಲ. ಯಾವ್ ಗೂಡಲ್ಲಿ ಕೂತ್ರೂ ಈ ವಿಳಾಸದ್ದಕ್ಕೆ ಇದೇ ಹೆಸರು ಅಂತ ಬರೆದಿಡ್ತೀನಿ."

ಮೂರು ಸಾಲಿನ ಫೈಲು. ಸೆಟ್ಟಿಂಗಿನಲ್ಲೂ ಆ ಹೆಸರು ಬರೆದು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚುತ್ತಾರೆ. ನೆಟ್ ಬರುತ್ತದೆ. ಕೆರಿಯಪ್ಪ ಟವೆಲಿನಲ್ಲೇ ಕಣ್ಣೊರೆಸಿಕೊಂಡು ಚಹಾ ತರಲು ಹೋಗುತ್ತಾರೆ.

ಒಂಬತ್ತೂವರೆಯ ಬಸ್ಸು ಹೋದರೂ ಪ್ರತಿಮಾ ಹೊರಡಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ತಣ್ಣಗಾದ ಚಪಾತಿ ತಿಂದರು. ಹತ್ತಕ್ಕೆ ಡಾಕ್ಟರು ಬಂದರು. ಇಪ್ಪತ್ತು ನಿಮಿಷದ ನಂತರ ಗುತ್ಯಮ್ಮ ಗೋಡೆ ಹಿಡಿದು ಹೊರಬಂದು, ಪ್ರತಿಮಾರ ಪಕ್ಕ ಕೂತರು.

"ಬೆರಳು ತೆಗೆಯದು ಬ್ಯಾಡಂತೆ," ಎಂದವರು ಪ್ರತಿಮಾರ ಕೈ ಹಿಡಿದರು. "ನೀನೂ ತೋರ್ಸಕ್ಕೆ ಬಂದ್ಯಾ ಮಗಾ? ಹೆದರ್ಕಬ್ಯಾಡ, ಒಳ್ಳೆ ಡಾಕ್ಟ್ರು."

"ಹೂಂ ಅಜ್ಜಿ," ಎಂದರು ಪ್ರತಿಮಾ.

ನೀವು ಯಾರೆಂದು ಯಾಕೆ ಹೇಳಲಿಲ್ಲ ಎಂದು ಬಸ್ ಸ್ಟಾಪಿನಲ್ಲಿ ಕೇಳಿದೆ. ಪ್ರತಿಮಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು.

"ಕೈ ಹಿಡ್ಕಂಡಿದ್ರಲ್ಲ ಸರ್. ಹೇಳಿದ್ರೆ ಬಿಡ್ತಿದ್ರು."