ಕೋವಿ ಕೊಡಿಸದ ಡಾಕ್ಟರಮ್ಮ

ಅವರ ಬಲಗೈಯ ತೋರುಬೆರಳು ಮಡಚುತ್ತಲೇ ಇರಲಿಲ್ಲ. ಗಾಯವಾಗಿ ಹಾಗಾದದ್ದಲ್ಲ. ಸೌಟು ಹಿಡಿದರೂ, ಛತ್ರಿ ಹಿಡಿದರೂ, ಟೀವಿ ರಿಮೋಟ್ ಹಿಡಿದರೂ ಉಳಿದ ಬೆರಳುಗಳು ಸುತ್ತಿಕೊಳ್ಳುತ್ತಿದ್ದವು, ತೋರುಬೆರಳು ಮಾತ್ರ ಪಕ್ಕದಲ್ಲಿ ನೆಟ್ಟಗೆ ಚಾಚಿಕೊಂಡಿರುತ್ತಿತ್ತು. ಕಾಫಿ ಮಗ್ ಹಿಡಿದಾಗಲೂ ಹಾಗೆಯೇ. ಮೊದಲು ನಾನು ಅದನ್ನು ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಕೊಡಗಿನ ಕಾಫಿ ತೋಟದ ಮಗಳು, ನಲವತ್ತು ವರ್ಷ ಇಂಗ್ಲೆಂಡಿನಲ್ಲಿ ಡಾಕ್ಟರಿಕೆ ಮಾಡಿದವರು, ಲೋಟ ಹಿಡಿಯುವ ರೀತಿಯೇ ಬೇರೆ ಇರಬೇಕು ಎಂದು. ಅದು ಕೋವಿ ಹಿಡಿದು ಬೆಳೆದ ಕೈ ಎಂದು ಆಮೇಲೆ ತಿಳಿಯಿತು. ಹೊಡೆಯುವ ಗಳಿಗೆ ಬರುವ ತನಕ ಬೆರಳು ಟ್ರಿಗರ್ ಮುಟ್ಟಬಾರದು ಎಂದು ಏಳನೇ ವಯಸ್ಸಿನಲ್ಲಿ ಅವರಪ್ಪ ಕಲಿಸಿದ್ದು ಮೈಗೆ ಹತ್ತಿಬಿಟ್ಟಿತ್ತು. ಆ ಬೆರಳು ಬಾಗುತ್ತಿದ್ದದ್ದು ಎರಡೇ ಸಲ. ಗುರಿ ಇಟ್ಟು ಹೊಡೆಯುವಾಗ ಮತ್ತು ಪೆನ್ನು ಹಿಡಿದು ಸಹಿ ಹಾಕುವಾಗ.

ಡರ್ಬಿಯ ಕನ್ನಡದವರಿಗೆಲ್ಲ ಅವರು ಡಾಕ್ಟರಮ್ಮ. ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಆಗಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಗ ಟೊರಾಂಟೋದಲ್ಲಿದ್ದ. ನಮ್ಮ ಮನೆಯಿಂದ ನಾಲ್ಕನೆಯದು ಅವರ ಮನೆ. ಅವರ ಸಹಿ ನಮ್ಮ ಜನಕ್ಕೆ ಬೀದಿಯ ನಲ್ಲಿ ಇದ್ದಹಾಗೆ, ಯಾರು ಬೇಕಾದರೂ ಹೋಗಿ ತಿರುಗಿಸಬಹುದಿತ್ತು. ಇಲ್ಲಿ ಮಗುವಿನ ಮೊದಲ ಪಾಸ್‌ಪೋರ್ಟಿಗೆ ಪರಿಚಯದ ಗಣ್ಯರೊಬ್ಬರು ‘ಈ ಫೋಟೋ ಇದೇ ಮಗುವಿನದು’ ಎಂದು ಸಹಿ ಹಾಕಿಕೊಡಬೇಕು. ನಾವೆಲ್ಲ ಓಡುತ್ತಿದ್ದದ್ದು ಅವರ ಮನೆಗೆ. ಆದರೆ ಅವರದೊಂದು ಹಟವಿತ್ತು. ಫೋಟೋ ಮಾತ್ರ ಕಳಿಸಿದರೆ ವಾಪಸು ಕಳಿಸುತ್ತಿದ್ದರು. ಮಗುವನ್ನು ಕರೆದುಕೊಂಡು ಹೋಗಬೇಕು. ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕನ್ನಡಕ ಏರಿಸಿ, ಒಂದು ನಿಮಿಷ ಮುಖ ನೋಡಿ, ಫೋಟೋ ನೋಡಿ, ಮತ್ತೆ ಮುಖ ನೋಡಿ, ಆಮೇಲೆ ಪೆನ್ನು.

“ಅಮ್ಮಾರ, ದಿನಾ ನೋಡೋ ಹುಡುಗೀನs ಅಲ್ಲೇನ್ರಿ ಇಕಿ?” ಎಂದು ನನ್ನ ಹೆಂಡತಿ ನಕ್ಕಿದ್ದಳು.

“ದಿನಾ ನೋಡುವ ಮುಖವನ್ನೇ ನಾವು ನೋಡುವುದಿಲ್ಲ ಕಣಮ್ಮ. ನಿಂತ್ಕೊ ಕುಂಞಿ, ನಗಬೇಡ.” ಮಕ್ಕಳೆಲ್ಲ ಅವರಿಗೆ ಕುಂಞಿ.

ಆ ಸಹಿಯನ್ನು ನಾನು ಬಹಳ ಹೊತ್ತು ನೋಡಿದ್ದೆ. ಸಹಿ ಎಂದರೆ ನನಗೆ ಸಣ್ಣ ಮಾತಲ್ಲ. ನಮ್ಮಪ್ಪ ಗದಗಿನ ಎಪಿಎಂಸಿಯಲ್ಲಿ ಹಮಾಲಿ. ಕೊನೆಯ ತನಕ ಹೆಬ್ಬೆಟ್ಟು ಒತ್ತಿದವನು. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವನು ನಾನು. ಯಾರ ಚೀಟಿಯೂ ಇಲ್ಲದೆ ಪಾಸಾದೆ, ಯಾರ ಶಿಫಾರಸೂ ಇಲ್ಲದೆ ಇಲ್ಲಿನ ವಿಮಾನದ ಎಂಜಿನ್ ಕಾರ್ಖಾನೆಗೆ ಬಂದು ಸೇರಿದೆ. ಇದನ್ನು ಜಂಬಕ್ಕೆ ಹೇಳುತ್ತೇನೆ ಎಂದುಕೊಳ್ಳುವವರು ಹಾಗೆಯೇ ಅಂದುಕೊಳ್ಳಲಿ, ಜಂಬವೇ.

ಒಂದು ಭಾನುವಾರ ನಾವು ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ಒಂದು ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಹಾಡಹಗಲೇ ನಮ್ಮ ಹಿಂಬಾಗಿಲು ಒಡೆದರು. ಭಾರತದವರ ಮನೆಯಲ್ಲಿ ಬಂಗಾರ ಇರುತ್ತದೆ ಎಂಬುದು ಇಲ್ಲಿನ ಕಳ್ಳರಿಗೆ ಬಾಯಿಪಾಠ. ಹೋದದ್ದು ನಮ್ಮವ್ವನ ಬೋರಮಾಳ ಸರ. ಅಪ್ಪನ ಸೊಂಟ ಮುರಿದಾಗಲೂ, ನನ್ನ ಕಾಲೇಜಿನ ಫೀಸಿಗೂ ಅವಳು ಮಾರದೆ ಉಳಿಸಿದ ಒಂದೇ ಬಂಗಾರ, ನನ್ನ ಹೆಂಡತಿಯ ಕೊರಳಿಗೆ ತಾನೇ ಹಾಕಿದ್ದು. ಅಷ್ಟೇ ಅಲ್ಲ, ಮಗಳ ಮಂಚದ ಮೇಲೆ ಬೂಟುಗಾಲಿನಲ್ಲಿ ನಿಂತು ಅಟ್ಟದ ಪೆಟ್ಟಿಗೆ ತೆಗೆದಿದ್ದರು. ಅವಳ ಹಾಸಿಗೆಯ ಮೇಲೆ ಆ ಬೂಟಿನ ಗುರುತು ಇತ್ತು. ಪೊಲೀಸರು ಫೋನಿನಲ್ಲಿ ಒಂದು ನಂಬರ್ ಕೊಟ್ಟರು. ಮನೆಗೂ ಬರಲಿಲ್ಲ. ಮೂರು ವಾರಕ್ಕೆ ಕೇಸು ಮುಚ್ಚಿದ್ದೇವೆ ಎಂದು ಇಮೇಲ್ ಬಂತು. ಒಂಬತ್ತು ವರ್ಷದ ಮಗಳು ನಮ್ಮಿಬ್ಬರ ನಡುವೆ ಮಲಗತೊಡಗಿದಳು. ನನ್ನ ಎದೆಯಲ್ಲಿ ಹೊತ್ತಿಕೊಂಡದ್ದು ಆರಲಿಲ್ಲ. ಅಮೆರಿಕದವರ ವಿಡಿಯೋ ನೋಡುವ ಚಟ ಹಿಡಿಯಿತು. ಗಿಡ್ಡ ನಳಿಗೆಯ ಪಂಪ್ ಬಂದೂಕು, ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಕಟಕ್ ಎಂದು ತೋಟಾ ಒಳಗೆ ಹೋಗುವಂಥದ್ದು.

ಡಾಕ್ಟರಮ್ಮನ ಮನೆಗೆ ಹೋದೆ. ಅಂದು ಅವರ ಕೈಲ್ ಮುಹೂರ್ತ, ಕೊಡವರ ಆಯುಧದ ಹಬ್ಬ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ತಮ್ಮ ಜೋಡು ನಳಿಗೆಯ ಹಳೆಯ ಕೋವಿಯನ್ನು ಇಟ್ಟಿದ್ದರು. ಪೂಜೆಗೆ ಬೇಕಾದ ಹೂವು ಇಲ್ಲಿ ಸಿಗದೆ ಸೂಪರ್‌ಮಾರ್ಕೆಟ್ಟಿನ ಹಳದಿ ಲಿಲಿಯೊಂದನ್ನು ನಳಿಗೆಯ ತುದಿಗೆ ಸಿಕ್ಕಿಸಿದ್ದರು.

“ಕೂರು. ಕಡಂಬುಟ್ಟು ಮಾಡಿದ್ದೇನೆ, ನಮ್ಮ ಅಕ್ಕಿ ಕಡುಬು. ನಿನ್ನ ಸಾರು ಬೇರೆ ಪಾತ್ರೆಯದು, ಹೆದರಬೇಡ, ಹಂದಿಗೂ ಅದಕ್ಕೂ ಪರಿಚಯವೇ ಇಲ್ಲ.”

ಅಂಥದೊಂದು ಬಂದೂಕು ಕೊಡಿಸಿ ಎಂದು ನಾನು ಊಟಕ್ಕೆ ಮೊದಲೇ ಕೇಳಿದೆ. ಅವರು ನನ್ನ ಫೋನ್ ಇಸಿದುಕೊಂಡು ವಿಡಿಯೋ ನೋಡಿದರು.

“ಇದೇ ಯಾಕೆ?”

“ಆ ಕಟಕ್ ಅನ್ನೋ ಸದ್ದಿಗೇ ಕಳ್ಳ ಓಡ್ತಾನಂತೆ.”

“ಸದ್ದಿಗೆ ಓಡುವವನಿಗೆ ಒಂದು ನಾಯಿ ಸಾಕು. ಓಡದವನಿಗೆ ನೀನು ಯಾವ ಮೂಲೆಯಲ್ಲಿದ್ದೀ ಅಂತ ಹೇಳಿಕೊಟ್ಟ ಹಾಗೆ.”

“ನಳಿಗೆ ಗಿಡ್ಡ ಇದ್ದರೆ ಮನೆಯೊಳಗೆ ತಿರುಗಿಸೋದು ಸುಲಭ.”

“ಹೌದು, ನಿನ್ನ ಪಾದದ ಕಡೆಗೂ ಸುಲಭ. ಇಪ್ಪತ್ತನಾಲ್ಕು ಇಂಚಿಗಿಂತ ಗಿಡ್ಡದ್ದು ಸಿಕ್ಕರೆ ಇಲ್ಲಿ ಕಳ್ಳನಿಗಿಂತ ಮೊದಲು ನೀನು ಜೈಲಿಗೆ. ಉದ್ದದ್ದಾದರೂ ಮನೆ ಕಾಯಲಿಕ್ಕೆ ಅಂದರೆ ಕೊಡುವುದಿಲ್ಲ. ಕೊಟ್ಟರೂ ಕೋವಿ ಕಬ್ಬಿಣದ ಬೀರುವಿನಲ್ಲಿ, ತೋಟಾ ಬೇರೆ ಕಡೆ. ಕಳ್ಳನಿಗೆ ಹೇಳು, ಸೋಫಾದ ಮೇಲೆ ಕೂತಿರಪ್ಪ, ಎರಡು ಬೀಗ ತೆಗೆದು ಬರ್ತೇನೆ ಅಂತ.”

ನನಗೆ ನಗು ಬರಲಿಲ್ಲ. ಸಿಟ್ಟು ಬಂದರೆ ನನ್ನ ಬಾಯಿಗೆ ಊರ ಮಾತೇ ಬರುತ್ತದೆ. “ನಿಮಗ ಚಾಷ್ಟಿ ಆಗೇತ್ರಿ. ಬೂಟಗಾಲು ಇಟ್ಟದ್ದು ನಿಮ್ಮ ಮಗಳ ಹಾಸಿಗಿ ಮ್ಯಾಲಲ್ಲ.”

ಅವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. “ನಿನ್ನ ಮಂಚದಿಂದ ಮಗಳ ರೂಮಿನ ಗೋಡೆಗೆ ಎಷ್ಟು ದೂರ? ಎಂಜಿನಿಯರ್ ಅಲ್ಲವಾ, ಅಳೆದುಕೊಂಡು ಬಾ.”

ನಾಲ್ಕೂವರೆ ಮೀಟರ್. ಶನಿವಾರ ಬೆಳಿಗ್ಗೆ ಊರಾಚೆಯ ಒಂದು ಹೊಲಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರ ಕ್ಲಬ್ಬಿನವರು ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುತ್ತಿದ್ದರು. ಒಂದು ಅಂಚಿನಲ್ಲಿ ಮಣ್ಣಿನ ದಿಬ್ಬದ ಮುಂದೆ ಪ್ಲಾಸ್ಟರ್‌ಬೋರ್ಡಿನ ಎರಡು ಹಲಗೆಗಳನ್ನು ನಮ್ಮ ಮನೆಗಳ ಒಳಗೋಡೆಯಂತೆಯೇ ಚೌಕಟ್ಟಿಗೆ ಹೊಡೆದು ನಿಲ್ಲಿಸಿದ್ದರು. ನಾಲ್ಕೂವರೆ ಮೀಟರ್ ಅಳೆದು ನಿಂತು, ಕಿವಿ ಮುಚ್ಚಿಕೋ ಎಂದು, ಒಂದೇ ಗುಂಡು ಹೊಡೆದರು. ಹಕ್ಕಿ ಹೊಡೆಯುವ ಚರೆ, ಸಣ್ಣ ಸೀಸದ ಕಾಳು. ಅದು ಅಷ್ಟು ಹತ್ತಿರದಲ್ಲಿ ಚದುರುವುದೇ ಇಲ್ಲ, ಮುಷ್ಟಿಯಂತೆ ಒಂದಾಗಿ ಹೋಗುತ್ತದೆ. ಎರಡೂ ಹಲಗೆ ದಾಟಿತ್ತು.

“ಹಿಂದೆ ಹೋಗಿ ನೋಡು.”

ಹಿಂದೆ ಒಂದು ದಿಂಬು ಇತ್ತು, ನಡುವೆ ಹರಿದು ಹತ್ತಿ ಹೊರಗೆ ಬಂದಿತ್ತು. ಅದರ ಮೇಲಿನ ನೀಲಿ ಮೊಲದ ಚಿತ್ರದಿಂದ ಗುರುತು ಹಿಡಿದೆ. ನನ್ನ ಮಗಳ ದಿಂಬು. ಹಿಂದಿನ ದಿನ ನನ್ನ ಹೆಂಡತಿಯಿಂದ ಕೇಳಿ ತಂದಿದ್ದರು.

ಇಂಥ ಕೆಲಸ ಮಾಡಲು ಎಂಥ ಹೆಂಗಸಾಗಿರಬೇಕು ಎನ್ನಿಸಿತು. ಅವರು ಕೋವಿಯನ್ನು ನಡುವೆ ಮಡಚಿ ತೆರೆದು, ಖಾಲಿ ತೋಟಾ ತೆಗೆದು, ನಳಿಗೆಯೊಳಗೆ ಬೆಳಕು ನೋಡಿ, ತೋಳಿನ ಮೇಲೆ ಹಾಕಿಕೊಂಡು ಹೇಳಿದರು: “ಈಗ ಕಲಿ. ನಿನ್ನ ಕಳ್ಳನಿಗೋಸ್ಕರ ಅಲ್ಲ. ಕಲಿತರೆ ಕೋವಿಯ ಹೆದರಿಕೆ ಬರುತ್ತದೆ, ಅದು ನಿನಗೆ ಇಲ್ಲ.”

ಆ ಚಳಿಗಾಲವೆಲ್ಲ ಕಲಿಸಿದರು. ಯಾರೇ ಕೊಟ್ಟರೂ ಕೋವಿ ಖಾಲಿ ಇದೆಯೇ ಎಂದು ನೀನೇ ತೆರೆದು ನೋಡು. ನಳಿಗೆ ಮನುಷ್ಯರ ಕಡೆ ತಿರುಗಬಾರದು, ತಮಾಷೆಗೂ. ಕೆನ್ನೆ ಕೋವಿಯ ಹಿಡಿಗೆ ಅಂಟಿರಲಿ. ಬಿಲ್ಲೆ ನೋಡು, ನಳಿಗೆ ನೋಡಬೇಡ. ತಪ್ಪಿದರೆ ಬೆರಳಿನ ಮೇಲೆ ಫಟ್ ಎಂದು ಹೊಡೆಯುತ್ತಿದ್ದರು, ನಲವತ್ತೆರಡು ವರ್ಷದ ಗಂಡಸಿಗೆ. ಮಾರ್ಚಿನ ಹೊತ್ತಿಗೆ ಹತ್ತರಲ್ಲಿ ಏಳು ಬಿಲ್ಲೆ ಒಡೆಯುತ್ತಿದ್ದೆ. ಕೋವಿ ಇಟ್ಟುಕೊಳ್ಳುವ ಸರ್ಟಿಫಿಕೇಟಿಗೆ ಪೊಲೀಸರಿಗೆ ಅರ್ಜಿ ಹಾಕಿದೆ. ಕಾರಣ: ಬಿಲ್ಲೆ ಹೊಡೆಯುವ ಆಟ. ನನ್ನನ್ನು ಬಲ್ಲವರು ಎಂಬಲ್ಲಿ ಅವರ ಹೆಸರು ಬರೆದೆ. ಪೊಲೀಸರು ಅವರಿಗೊಂದು ಫಾರಂ ಕಳಿಸುತ್ತಾರೆ, ಅವರು ಸಹಿ ಹಾಕಿ ಕಳಿಸಿದರೆ ಮುಗಿಯಿತು.

ಫಾರಂ ಬಂದ ದಿನ ಅವರು ಕಿಟಕಿಯ ಬಳಿ ನನ್ನನ್ನು ನಿಲ್ಲಿಸಿದರು. ಮಕ್ಕಳನ್ನು ನಿಲ್ಲಿಸುವ ಜಾಗದಲ್ಲೇ.

“ಕೋವಿಯ ಬೀರು ಎಲ್ಲಿ ಹಾಕಿಸ್ತೀ?”

“ಮಂಚದ ಪಕ್ಕ,” ಎಂದೆ, ಯೋಚಿಸದೆ.

ಆಟಕ್ಕೆ ಕೋವಿ ಇಟ್ಟುಕೊಳ್ಳುವವನು ಮೆಟ್ಟಿಲ ಕೆಳಗೆ ಇಡುತ್ತಾನೆ, ಅಟ್ಟದಲ್ಲಿ ಇಡುತ್ತಾನೆ. ಕೈಗೆ ಸಿಗುವಲ್ಲಿ ಇಡುವವನ ಲೆಕ್ಕವೇ ಬೇರೆ. ಅವರು ಮೇಜಿನ ಮೇಲಿನ ಪೆನ್ನು ಎತ್ತಿಕೊಂಡರು, ಬೆರಳು ನೆಟ್ಟಗೇ ಇತ್ತು. ಪೆನ್ನನ್ನು ಹಾಗೆಯೇ ಕೆಳಗಿಟ್ಟು ಕಾಫಿ ಮಾಡಲು ಒಳಗೆ ಹೋದರು.

ಆರು ವಾರದ ಮೇಲೆ ಅರ್ಜಿ ತಿರಸ್ಕಾರವಾಯಿತು. ಕಾಗದ ಹಿಡಿದುಕೊಂಡು ಓಡಿದೆ. ಅವರು ಬಚ್ಚಿಡಲಿಲ್ಲ.

“ಒಳ್ಳೆಯವನು, ಕೈ ಚೆನ್ನಾಗಿದೆ, ಈಗ ಸಿಟ್ಟಿನಲ್ಲಿದ್ದಾನೆ, ಈಗ ಕೊಡಬೇಡಿ ಅಂತ ಬರೆದೆ.”

“ಊರ ಮಂದಿಗೆಲ್ಲ ಸಹಿ ಹಾಕ್ತೀರಿ. ನನಗ ಯಾಕ್ರಿ ಇಲ್ಲ? ನಾ ಹಮಾಲಿ ಮಗ ಅಂತೇನು?”

ಅವರ ಮುಖ ಕೆಂಪೇರಿತು. “ಮುಖ ನೋಡಿದೆ, ಅದಕ್ಕೇ ಇಲ್ಲ.”

“ನನ್ನ ಜೀವನದಾಗ ಒಂದು ಅರ್ಜಿ ವಾಪಸ್ ಬಂದಿಲ್ಲ. ಒಂದೂ. ನೀವು ತರಿಸಿದ್ರಿ.”

“ಬರಲಿ. ಒಂದು ಬಂದರೆ ನೀನೇನೂ ಕರಗಿಹೋಗುವುದಿಲ್ಲ.”

ಆರು ತಿಂಗಳು ಮಾತು ಬಿಟ್ಟೆ. ಹೆಂಡತಿ ಮಗಳು ಹೋಗುತ್ತಿದ್ದರು, ನಾನು ಹೋಗಲಿಲ್ಲ. ನಮ್ಮ ಜನರ ವಾಟ್ಸಾಪ್ ಗುಂಪಿನಲ್ಲಿ ‘ನಮ್ಮವರೇ ನಮಗೆ ಮುಳ್ಳು’ ಎಂದು ಹೆಸರು ಹೇಳದೆ ಬರೆದೆ. ಎಲ್ಲರಿಗೂ ಗೊತ್ತಾಯಿತು. ಹದಿನಾಲ್ಕು ಜನ ಹೆಬ್ಬೆರಳು ಎತ್ತಿದರು. ಅವರು ಆ ಗುಂಪಿನಲ್ಲೇ ಇದ್ದರು, ಓದಿದ್ದರು. ಒಮ್ಮೆ ಕಸದ ಡಬ್ಬಿ ಹೊರಗಿಡುವಾಗ ಎದುರಾದರು. ಸೊರಗಿದ್ದರು.

“ಇಳಿಯಿತಾ ಸಿಟ್ಟು?”

“ಇಲ್ಲ.”

“ಇಳಿದ ದಿನ ಬಾ. ಸಹಿ ಹಾಕ್ತೇನೆ.”

ನಾನು ಡಬ್ಬಿಯನ್ನು ದಡಾರನೆ ಬಿಟ್ಟು ಒಳಗೆ ಹೋದೆ. ಅದೇ ಕೊನೆ. ನವೆಂಬರಿನಲ್ಲಿ ಅಡುಗೆಮನೆಯಲ್ಲಿ ಕುಸಿದರು, ಆಸ್ಪತ್ರೆ ತಲುಪಲಿಲ್ಲ.

ಟೊರಾಂಟೋದಿಂದ ಮಗ ಬಂದ. ದಹನವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ. ಅವರ ಕಡೆ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ. ಕ್ಲಬ್ಬಿನ ಹೊಲದಲ್ಲಿ ಮಾಡಲು ಒಪ್ಪಿಗೆ ಸಿಕ್ಕಿದೆ ಎಂದು ಇಂಗ್ಲಿಷಿನಲ್ಲೇ ಹೇಳಿದ. “ನೀವು ಹೊಡೀತೀರಾ?”

“ನನ್ನ ಹತ್ತಿರ ಸರ್ಟಿಫಿಕೇಟ್ ಇಲ್ಲ. ಕ್ಲಬ್ಬಿನಲ್ಲಿ ಬಿಲ್ಲೆ ಹೊಡೆಯಲು ಅದು ಬೇಡ, ಇದಕ್ಕೆ ಬೇಕು.”

ಅವನಿಗೆ ಆಶ್ಚರ್ಯವಾಯಿತು. “ಇಷ್ಟು ಹೊತ್ತಿಗೆ ನೀವು ತಗೊಂಡಿರ್ತೀರಿ ಅಂತ ಅಮ್ಮ ಹೇಳಿದ್ದರು.”

ಕೊನೆಗೆ ಕ್ಲಬ್ಬಿನ ಕಾರ್ಯದರ್ಶಿ, ಅವರನ್ನು ನಾಲ್ಕು ಮಾತಿಗಿಂತ ಹೆಚ್ಚು ಅರಿಯದ ಒಬ್ಬ ಬಿಳಿಯ ಮುದುಕ, ಎರಡು ಗುಂಡು ಹೊಡೆದ. ಕೈ ಕಲಿತ ನಾನು ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದೆ.

ನನ್ನ ಪಕ್ಕದಲ್ಲಿ ಆ ಹೊಲದ ಒಡತಿ ನಿಂತಿದ್ದಳು, ಎಂಬತ್ತರ ಇಂಗ್ಲಿಷ್ ಹೆಂಗಸು. ಗುಂಡಿನ ಸದ್ದು ಅಡಗಿದ ಮೇಲೆ ಕೇಳಿದಳು, ಅವರ ಕೋವಿ ಈಗ ಎಲ್ಲಿದೆ ಎಂದು. ಪೊಲೀಸರು ಒಯ್ದಿದ್ದಾರೆ ಎಂದೆ. “ಅದು ನನ್ನ ಗಂಡನದು,” ಎಂದಳು. ಆಮೇಲೆ ಹೇಳಿದಳು. ಆ ಕಾಲದಲ್ಲಿ ಬಂದೂಕಿನ ಫಾರಂಗೆ ಡಾಕ್ಟರೋ ಮೇಷ್ಟರೋ ಸಹಿ ಹಾಕಬೇಕಿತ್ತು. ಗಂಡನ ದನಗಳಿಗೆಲ್ಲ ರೋಗ ಬಂದು ಸರ್ಕಾರದವರು ಅವನ್ನು ಕೊಂದು ಸುಟ್ಟ ವರ್ಷ. ಅವನು ಮನೆಯಿಂದ ಹೊರಗೆ ಬರುತ್ತಿರಲಿಲ್ಲ, ಫಾರಂ ಹಿಡಿದು ಇವಳೇ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋಗಿದ್ದಳು. ಸೋಮವಾರ, ಗದ್ದಲ. ಡಾಕ್ಟರಮ್ಮ ಎರಡು ರೋಗಿಗಳ ನಡುವೆ ನಿಂತಲ್ಲೇ ಸಹಿ ಹಾಕಿಕೊಟ್ಟರಂತೆ. ಬೇಸಿಗೆ ಮುಗಿಯುವ ಮೊದಲು ಅವನು ಅದೇ ಕೋವಿಯಿಂದ ತನ್ನ ಜೀವ ತೆಗೆದುಕೊಂಡ. ಅದನ್ನು ಮನೆಯಲ್ಲಿಟ್ಟುಕೊಳ್ಳಲಾರದೆ ಇವಳು ಮಾರಲು ಹೊರಟಾಗ ಡಾಕ್ಟರಮ್ಮ ಬಂದು, ಇನ್ನೊಬ್ಬರ ಕೈಗೆ ಹೋಗುವುದು ಬೇಡ ಎಂದು ಕೊಂಡುಕೊಂಡರಂತೆ. “ಅವರೊಮ್ಮೆ ಅವನ ಮುಖ ನೋಡಿದ್ದರೆ ಸಾಕಿತ್ತು. ಆದರೆ ಫಾರಂ ಒಯ್ದವಳು ನಾನು.”

ಹಳದಿ ಲಿಲಿ ಸಿಕ್ಕಿಸಿದ ಆ ನಳಿಗೆಯ ಎದುರು ಕೂತು ನಾನು ಕಡಂಬುಟ್ಟು ತಿಂದಿದ್ದೆ.

ನನ್ನ ಸಿಟ್ಟು ಹೋಗಿಲ್ಲ. ಬೂಟು ಇಟ್ಟವನ ಮೇಲಿನದೂ ಹೋಗಿಲ್ಲ, ನಂಬರ್ ಕೊಟ್ಟು ಕೈತೊಳೆದವರ ಮೇಲಿನದೂ ಹೋಗಿಲ್ಲ. ಹೆಬ್ಬೆರಳು ಎತ್ತಿದ ಹದಿನಾಲ್ಕು ಜನರ ಮೇಲೂ ಇದೆ. ಅವರೆಲ್ಲ ಅಂತ್ಯಕ್ರಿಯೆಗೆ ಬಂದು ಕಣ್ಣೊರೆಸಿಕೊಂಡರು. ನನ್ನ ಮೇಲೆ ಎಷ್ಟಿದೆ ಎಂದು ಬರೆಯುವುದಿಲ್ಲ. ಡಾಕ್ಟರಮ್ಮನ ಮೇಲೂ ಇದೆ. ಕಿಟಕಿಯ ಬಳಿ ನಿಲ್ಲಿಸಿದ ದಿನ ಒಂದು ಮಾತು ಹೇಳಬಾರದಿತ್ತೆ? ಹೇಳಿದ್ದರೆ ನಾನು ಕೇಳುತ್ತಿದ್ದೆನೆ? ಇಲ್ಲ. ಅದು ಅವರಿಗೆ ಗೊತ್ತಿತ್ತು, ಅದಕ್ಕೂ ಸಿಟ್ಟು.

ಈಗ ಚಾರ್ಟರ್ಡ್ ಎಂಜಿನಿಯರ್ ಎಂದು ನಮ್ಮ ಜನ ಸಹಿಗೆ ನನ್ನ ಮನೆಗೆ ಬರುತ್ತಾರೆ. ಹೋದ ವಾರ ಒಬ್ಬಳು ಹುಡುಗಿ ಗಂಡನ ಫಾರಂ ತಂದಿದ್ದಳು. ಅವನು ಹೋದ ತಿಂಗಳು ಕೆಲಸ ಕಳೆದುಕೊಂಡವನು. ಬಿಲ್ಲೆ ಹೊಡೆಯುವ ಕ್ಲಬ್ಬಿಗೆ ಸೇರಬೇಕಂತೆ, ಅದಕ್ಕೆ ಅವನನ್ನು ಬಲ್ಲವರೊಬ್ಬರ ಸಹಿ ಬೇಕಂತೆ.

“ಒಂದು ಸಹಿ ಹಾಕಿಬಿಡಿ ಅಂಕಲ್, ಕಾರು ಡಬಲ್ ಯೆಲ್ಲೋ ಗೆರೆ ಮೇಲೆ ನಿಲ್ಲಿಸಿದ್ದೀನಿ, ಫೈನ್ ಬೀಳುತ್ತೆ.”

ಪೆನ್ನು ನನ್ನ ಕೈಯಲ್ಲಿತ್ತು. ತೋರುಬೆರಳು ಅದರ ಪಕ್ಕಕ್ಕೆ ನೆಟ್ಟಗಿತ್ತು, ಯಾವಾಗ ಹಾಗಾಯಿತೋ ನನಗೆ ಗೊತ್ತಿಲ್ಲ.

“ಕಾರು ತೆಗಿಯಮ್ಮ,” ಎಂದೆ. “ಹೋಗಿ ಅವನನ್ನೇ ಕರ್ಕೊಂಡು ಬಾ.”